ಬೀರುವಿನೊಳಗಿನ ಚಪ್ಪಾಳೆ

ಬೀರುವಿನ ಬಾಗಿಲು ಧಡಾರನೆ ತೆರೆದುಕೊಂಡಿತು.

ಒಳಗೆ, ಸಾಲಾಗಿ ತೂಗುಹಾಕಿದ ಗಂಡಸರ ಕೋಟುಗಳ ನಡುವೆ, ಮೊಣಕಾಲು ಮಡಚಿ, ಮೈಕಿಗೆ ಮುಖ ಕೊಟ್ಟು ಕೂತಿದ್ದ ಅವಳು ಬೆಳಕಿಗೆ ಕಣ್ಣು ಕಿರಿದು ಮಾಡಿದಳು. ಎದುರಿಗೆ ಒಬ್ಬ ಅಪರಿಚಿತ! ಕುತ್ತಿಗೆಯಲ್ಲಿ ಕ್ಯಾಮೆರಾ, ಕಂಕುಳಲ್ಲಿ ಮೂರು ಕಾಲಿನ ಸ್ಟ್ಯಾಂಡು, ಮುಖದ ಮೇಲೆ ಬೆಣ್ಣೆ ಕದ್ದು ಸಿಕ್ಕಿಬಿದ್ದವನ ಕಳೆ.

"ಕ್ಷಮಿಸಿ... ಸ್ಟುಡಿಯೋ ಎಲ್ಲಿ ಅಂತ ಕೇಳಿದೆ. ಅಡುಗೆಮನೇಲಿರೋ ಅಮ್ಮ ಈ ಬಾಗಿಲು ತೋರಿಸಿದ್ರು."

"ಇದೇ ಸ್ಟುಡಿಯೋ. ರೆಕಾರ್ಡಿಂಗ್ ನಡೀತಿದೆ. ಬಾಗಿಲು ಹಾಕಿ!"

ಅವನು ಹಾಕಿದ. ಗಾಬರಿಯಲ್ಲಿ, ತಾನೂ ಒಳಗೆ ಬಂದು ಹಾಕಿದ.

ಕತ್ತಲು. ಎರಡು ಉಸಿರು. ಒಂದು ಕೋಟಿನ ತೋಳು ಹ್ಯಾಂಗರಿನಿಂದ ಜಾರಿ ಅವನ ಹೆಗಲ ಮೇಲೆ ಕೈ ಹಾಕಿದಂತೆ ಬಿತ್ತು.

"ಹೊರಗಿನಿಂದ ಹಾಕಿ ಅಂದೆ!"

"ಹಾಂ... ಸರಿ ಮೇಡಂ."

ಆ 'ಸರಿ ಮೇಡಂ' ಕಿವಿಗೆ ಬಿದ್ದದ್ದೇ ತಡ, ಅವಳ ಕೈ ಮೈಕಿನ ಮೇಲೆ ಹೆಪ್ಪುಗಟ್ಟಿತು. ಈ ದನಿ ಅವಳಿಗೆ ಗೊತ್ತಿತ್ತು. ವಾರ ವಾರವೂ ಫೋನಿನಲ್ಲಿ ಇದೇ ಎರಡು ಪದ ಬರುತ್ತಿದ್ದವು.

ಅಯ್ಯೋ... ಕತ್ತರಿ!

ಅವಳ ಪಾಡ್‌ಕಾಸ್ಟಿನ ಹೆಸರು 'ಪಾತ್ರೆ ಸದ್ದು'. ಮನೆ ಅಂದ ಮೇಲೆ ಪಾತ್ರೆಗಳು ಸದ್ದು ಮಾಡದೆ ಇರುತ್ತವೆಯೇ? ಕೇಳುಗರು ತಮ್ಮ ಮನೆಜಗಳಗಳನ್ನು ಬರೆದು ಕಳಿಸುತ್ತಿದ್ದರು. ಅವಳು ಅದನ್ನು ಓದಿ, ಎರಡೂ ಕಡೆಗೆ ಬುದ್ಧಿ ಹೇಳಿ, ನಡುವೆ ಒಂದಿಷ್ಟು ನಗಿಸುತ್ತಿದ್ದಳು. ಎಲ್ಲರಿಗೂ ಅವಳು 'ಅಕ್ಕ'.

ಶುರು ಮಾಡಿದ್ದು ಗಂಡ ತೀರಿಕೊಂಡ ಮೇಲೆ. ಮನೆಯಲ್ಲಿ ಎಲ್ಲಿ ಕೂತರೂ ಮಾತು ಬರುತ್ತಿರಲಿಲ್ಲ. ಅವನ ಬೀರುವಿನಲ್ಲಿ ಮಾತ್ರ ದನಿ ಹೊರಡುತ್ತಿತ್ತು. ಉಣ್ಣೆ ಕೋಟುಗಳು ಗೋಡೆಯ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತವೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಆಮೇಲೆ ಒಂದು ಪಾಡ್‌ಕಾಸ್ಟ್ ನೆಟ್‌ವರ್ಕಿನವರು ಬಂದರು. ಸಣ್ಣ ಸಣ್ಣ ಕಾರ್ಯಕ್ರಮಗಳನ್ನು ಒಂದೇ ಸೂರಿನಡಿ ಸೇರಿಸಿ, ಜಾಹೀರಾತು ತಂದುಕೊಡುವ ಸಂಸ್ಥೆ. ಧ್ವನಿಯನ್ನು ಕತ್ತರಿಸಿ ಜೋಡಿಸಲು ಒಬ್ಬ ಎಡಿಟರನ್ನೂ ಕೊಟ್ಟರು. ಅವನಿಗೆ 'ಕತ್ತರಿ' ಎಂದು ಹೆಸರಿಟ್ಟವರು ಅತ್ತೆ. ಅತ್ತೆ ಎಂದರೆ ತೀರಿಕೊಂಡ ಗಂಡನ ತಾಯಿ. ಮನೆಯಲ್ಲಿ ಉಳಿದದ್ದು ಸೊಸೆ, ಅತ್ತೆ, ಮತ್ತು ಅತ್ತೆಯ ಬಾಯಿ.

ಕತ್ತರಿಗೂ ಅವಳಿಗೂ ಒಂದು ಒಪ್ಪಂದವಿತ್ತು. ಮಾತು ತಪ್ಪಿದರೆ ಅವಳು ಒಂದು ಚಪ್ಪಾಳೆ ತಟ್ಟುತ್ತಿದ್ದಳು. ಅಂದರೆ, ಇಲ್ಲಿಂದ ಕತ್ತರಿಸಿ. ಮತ್ತೆ ಸರಿಯಾಗಿ ಶುರು ಮಾಡುವಾಗ ಇನ್ನೊಂದು. ಅಂದರೆ, ಇಲ್ಲಿಂದ ಇಟ್ಟುಕೊಳ್ಳಿ. ಎರಡು ಚಪ್ಪಾಳೆಗಳ ನಡುವಿನದೆಲ್ಲ ಕಸ.

ಆ ಕಸದಲ್ಲಿ ಏನೇನಿರುತ್ತಿತ್ತು! ಅಡುಗೆಮನೆಯಿಂದ ಅತ್ತೆ ಕೂಗುವುದು, ಇವಳು ತಿರುಗಿ ಕೂಗುವುದು. ಮತ್ತೆ... ಆಯಾಸವಾದಾಗ, ನೀಲಿ ಕೋಟಿನ ತೋಳು ಹಿಡಿದುಕೊಂಡು ಅವಳು ಗಂಡನ ಜೊತೆ ಆಡುವ ಮಾತು.

ಕಸದ ಬುಟ್ಟಿಗೂ ಕಿವಿ ಇರುತ್ತದೆ ಎಂದು ಯಾರು ನೆನೆಸುತ್ತಾರೆ?

ಈಗ ಆ ಕಿವಿಗಳೆರಡೂ ಅವಳ ಹಾಲಿನಲ್ಲಿ, ಸೋಫಾದ ತುದಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದವು. ಕಿವಿ ಸ್ವಲ್ಪ ದೊಡ್ಡವೇ.

"ಮುಂದಿನ ತಿಂಗಳಿಂದ ಎಲ್ಲಾ ಕಾರ್ಯಕ್ರಮಾನೂ ವಿಡಿಯೋ ಆಗ್ಬೇಕಂತೆ," ಅವನು ಲೋಟಕ್ಕೇ ಹೇಳಿದ. "ಬರೀ ದನಿ ಸಾಲದಂತೆ. ಅದಕ್ಕೇ ನಿಮ್ಮ ಸ್ಟುಡಿಯೋಗೆ ಕ್ಯಾಮೆರಾ ಹಾಕೋಕೆ ಕಳಿಸಿದ್ರು."

"ಬೀರುವಿನೊಳಗಾ?"

"ಸ್ಟುಡಿಯೋ ಬೀರುವಿನಲ್ಲಿದೆ ಅಂತ ಅವರಿಗೆ ಗೊತ್ತಿಲ್ಲ."

"ನಿಮಗೆ ಗೊತ್ತಿತ್ತಾ?"

ಅವನು ಆರಿದ ಚಹಾವನ್ನು ಊದತೊಡಗಿದ. ಅತ್ತೆ ಗಾಳಿಯಲ್ಲಿ ಪಟ್ಟನೆ ಒಂದು ಸೊಳ್ಳೆ ಹೊಡೆದರು. ಅವನು ಹಳೆಯ ಗೆಳೆಯರ ದನಿ ಕೇಳಿದಂತೆ ನಕ್ಕ.

"ಕ್ಯಾಮೆರಾ ಅಲ್ಲಿಗೆ ಬರಕೂಡದು," ಅವಳೆಂದಳು. ದನಿ ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಕಾರ್ಯಕ್ರಮ ಹೋದ್ರೂ ಸರಿ."

"ಜಾಗ ಸಾಲಲ್ಲ ಅಂತ ಬರೀತೀನಿ."

"ಜಾಗ ಇದೆಯಲ್ಲ? ನೀವೇ ಒಳಗೆ ಬಂದು ನಿಂತಿದ್ರಿ."

"ಇದೆ. ಸಾಲಲ್ಲ ಅಂತ ಬರೀತೀನಿ."

ಹೊರಡುವ ಮೊದಲು ಬಿಟ್ಟುಹೋದ ಸ್ಟ್ಯಾಂಡು ತರಲು ಅವನು ಮತ್ತೆ ಬೀರುವಿನ ಹತ್ತಿರ ಹೋದ. ಜಾರಿಬಿದ್ದಿದ್ದ ಕೋಟಿನ ತೋಳನ್ನು ಎತ್ತಿ, ಹ್ಯಾಂಗರಿಗೆ ಸರಿಯಾಗಿ ಹಾಕಿ, ಭುಜದ ಧೂಳು ತಟ್ಟಿದ. ಯಾರದು ಎಂದು ಕೇಳಲಿಲ್ಲ.

ಅವಳು ಅದನ್ನು ಬಾಗಿಲ ಸಂದಿಯಿಂದ ನೋಡಿದಳು. ನೋಡಬಾರದಿತ್ತು... ಆಮೇಲೆ ಮೂರು ದಿನ ಅದೇ ಕಣ್ಣ ಮುಂದೆ ಬರುತ್ತಿತ್ತು!

ಮುಂದಿನ ಕಂತಿನ ವಿಷಯ, ಅತ್ತೆ ಸೊಸೆ ಹೊಂದಿಕೊಂಡು ಬಾಳುವುದು ಹೇಗೆ. ಅವಳು ರೆಕಾರ್ಡ್ ಮಾಡಿ ಎಂದಿನಂತೆ ನೆಟ್‌ವರ್ಕಿಗೆ ಕಳಿಸಿದಳು. 'ಸರಿ ಮೇಡಂ' ಬರಲಿಲ್ಲ.

ಕೆಲಸ ಇರಬಹುದು ಎಂದುಕೊಂಡಳು. ಫೋನನ್ನು ಸುಮ್ಮನೆ ನೋಡಿದಳು. ಸುಮ್ಮನೆ, ಮತ್ತೆ ಮತ್ತೆ.

ಕಂತು ಹೊರಬಂದ ಬೆಳಿಗ್ಗೆ ಅತ್ತೆ ಅಡುಗೆಮನೆಯಲ್ಲಿ ಫೋನನ್ನು ಜೋರಾಗಿ ಇಟ್ಟು ಕೇಳುತ್ತಿದ್ದರು. ಅವಳು ಹಲ್ಲುಜ್ಜುತ್ತ ಬಂದಳು.

"ನಮಸ್ಕಾರ, ನಾನು ನಿಮ್ಮ ಅಕ್ಕ," ಎಂದಿತು ಫೋನು. ಅದರ ಬೆನ್ನಿಗೇ, "ಅತ್ತೇ! ಸಾವಿರ ಸಲ ಹೇಳಿದೀನಿ, ರೆಕಾರ್ಡಿಂಗ್ ಹೊತ್ತಲ್ಲಿ ಪಾತ್ರೆ ಎಸೀಬೇಡಿ ಅಂತ!"

"ಎಸೆದದ್ದಲ್ಲ, ಬಿದ್ದದ್ದು! ಹೊಂದಿಕೊಂಡು ಬಾಳೋದು ಹೇಗೆ ಅಂತ ಊರಿಗೆಲ್ಲ ಹೇಳೋಳು ಮೊದಲು ನನ್ನ ಹತ್ರ ಕಲ್ತುಕೋ!"

ಅವಳ ಬಾಯಿಯ ಬ್ರಷ್ಷು ನಿಂತಿತು. ಬುದ್ಧಿಮಾತು ಒಂದೂ ಇಲ್ಲ. ಬರೀ ಕಸ! ಕತ್ತರಿಸಬೇಕಾದದ್ದೆಲ್ಲ ಉಳಿದಿದೆ, ಉಳಿಯಬೇಕಾದದ್ದೆಲ್ಲ ಹೋಗಿದೆ!

ಆಮೇಲೆ ದನಿ ತಗ್ಗಿತು.

"ಏನೂಂದ್ರೆ... ಆ ಕತ್ತರಿ ಬಂದಿದ್ರು. ನಿಮ್ಮ ತೋಳು ಸರಿಮಾಡಿ ಹೋದ್ರು, ಗೊತ್ತಾಯ್ತಾ? ಕಿವಿ ದೊಡ್ಡದು. ನಕ್ಕರೆ ಚೆನ್ನಾಗಿ ಕಾಣ್ತಾರೆ... ನಿಮಗೆ ಬೇಜಾರಾಗತ್ತಾ?"

ಅವಳು ಫೋನು ಕಸಿದುಕೊಂಡು ಆರಿಸಿದಳು. ತಲೆ ಎತ್ತಲು ಧೈರ್ಯವಿರಲಿಲ್ಲ. ಜಗತ್ತು ಕೇಳಿದರೆ ಕೇಳಲಿ. ಆದರೆ ಎದುರಿಗೆ ನಿಂತವರು ಗಂಡನನ್ನು ಹೆತ್ತವರು.

"ಅತ್ತೆ, ಅದು..."

"ಬಾಯಲ್ಲಿ ನೊರೆ ಇದೆ. ಉಗಿದು ಬಾ."

ಉಗಿದು ಬಂದಳು.

"ಉಪ್ಪಿಲ್ಲದ ಅಡುಗೆನೂ ಚೆನ್ನಾಗಿದೆ ಅಂತ ತಿಂದೋನು ನನ್ನ ಮಗ," ಅತ್ತೆ ಗೋಡೆ ನೋಡುತ್ತ ಹೇಳಿದರು. "ಅವನಿಗೆ ಯಾವತ್ತಾದ್ರೂ ಬೇಜಾರು ಅಂತ ಆಗಿದ್ದುಂಟಾ? ನೀನು ಸ್ನಾನಕ್ಕೆ ಹೋದಾಗ ನಾನೂ ಆ ನೀಲಿ ಕೋಟಿಗೆ ಬೈತಿರ್ತೀನಿ. ಒಂದಿನಾನೂ ತಿರುಗಿ ಮಾತಾಡಿಲ್ಲ."

ಅತ್ತೆ ಒಲೆ ಹಚ್ಚಿ ಹಾಲಿಟ್ಟರು.

"ಆದ್ರೂ ಆ ಕತ್ತರಿ ಹೀಗ್ಯಾಕೆ ಮಾಡಿದ್ನೇ?" ಎಂದರು ಅತ್ತೆ.

ಅದೇ ಪ್ರಶ್ನೆ ಅವಳನ್ನೂ ಸುಡುತ್ತಿತ್ತು. ನಂಬಿದ್ದೆನಲ್ಲ... ಧೂಳು ತಟ್ಟಿದ ಅದೇ ಕೈಯಿಂದ ನನ್ನನ್ನು ಬೀದಿಗೆ ತಂದನೇ? ನಾಲ್ಕು ಸಂದೇಶ ಕಳಿಸಿದಳು, ಒಂದಕ್ಕಿಂತ ಒಂದು ಖಾರ. ಉತ್ತರವಿಲ್ಲ. ಚಪ್ಪಲಿ ಮೆಟ್ಟಿ ನೆಟ್‌ವರ್ಕಿನ ಕಚೇರಿಗೇ ಹೊರಟಳು.

ಅಲ್ಲಿ ಗೋಡೆಗೆ ಅಂಟಿಸಿದ್ದ, ಸದ್ದು ಹೀರುವ ಕಪ್ಪು ಸ್ಪಂಜನ್ನು ಇಬ್ಬರು ಕಿತ್ತು ಚೀಲಕ್ಕೆ ತುಂಬುತ್ತಿದ್ದರು. ಎಡಿಟರುಗಳ ಕೋಣೆಯಲ್ಲಿ ಈಗ ಹಳದಿ ಸೋಫಾ, ಪ್ಲಾಸ್ಟಿಕ್ ಗಿಡ, ಕಣ್ಣು ಕುಕ್ಕುವ ದೀಪ.

"ಅಕ್ಕಾ!" ಕೇಳುಗರನ್ನು ಹೆಚ್ಚಿಸುವ ವಿಭಾಗದ ಮುಖ್ಯಸ್ಥೆ ಎರಡೂ ಕೈ ಚಾಚಿ ಓಡಿಬಂದಳು. ವಯಸ್ಸಿನಲ್ಲಿ ಇವಳಿಗಿಂತ ಚಿಕ್ಕವಳು, ಉತ್ಸಾಹದಲ್ಲಿ ಇಡೀ ಕಟ್ಟಡಕ್ಕಿಂತ ದೊಡ್ಡವಳು. "ಏನ್ ಕಂತು ಅದು! ನಮ್ಮ ಇತಿಹಾಸದಲ್ಲೇ ಅಷ್ಟು ಜನ ಯಾವುದನ್ನೂ ಕೇಳಿಲ್ಲ! ಎಲ್ಲರೂ ಒಂದೇ ಕೇಳ್ತಿದಾರೆ, ಕತ್ತರಿ ಒಪ್ಪಿದ್ರಾ ಅಂತ!"

"ಆ ಕತ್ತರಿ ಎಲ್ಲಿ? ಕರೀರಿ."

"ಯಾರು, ಎಡಿಟರಾ? ಅವರೆಲ್ಲ ಹೋದ್ರಲ್ಲ. ಈಗ ಯಂತ್ರ! ಚಪ್ಪಾಳೆ ಕೇಳ್ಸಿದ್ರೆ ಕತ್ತರಿಸತ್ತೆ, ಮತ್ತೆ ಕೇಳ್ಸಿದ್ರೆ ಇಟ್ಕೊಳ್ಳತ್ತೆ. ರಜಾ ಕೇಳಲ್ಲ, ಎದುರು ಮಾತಾಡಲ್ಲ. ನಿಮ್ಮ ಎಡಿಟರು ಮಾತಾಡ್ತಿದ್ರು, ಅಕ್ಕ. ನಿಮ್ಮ ಮನೆಗೆ ಕಳಿಸಿದ್ರೆ, ಜಾಗ ಸಾಲಲ್ಲ, ಕ್ಯಾಮೆರಾ ಬೇಡ, ಆ ದನಿ ಹಾಗೇ ಇರಲಿ ಅಂತ ಬರೆದುಕೊಟ್ರು. ಮಾರನೇ ದಿನವೇ ಕೆಲಸದಿಂದ ಕಳಿಸಿಬಿಟ್ವಿ."

ಅವಳು ಹಳದಿ ಸೋಫಾದ ಮೇಲೆ ಕೂತುಬಿಟ್ಟಳು. ಹಾಗಾದರೆ ಅವನು ಆ ಕಂತನ್ನು ಮುಟ್ಟಿಯೇ ಇಲ್ಲ! ನನ್ನಿಂದಾಗಿ ಕೆಲಸ ಕಳೆದುಕೊಂಡ. ನಾನು ಕಳಿಸಿದ್ದು ನಾಲ್ಕು ಬೈಗುಳ...

"ಮೊದಲು ನಾವು ಕಾರ್ಯಕ್ರಮಗಳನ್ನ ಸೇರಿಸ್ತಿದ್ವಿ," ಮುಖ್ಯಸ್ಥೆಯ ಮಾತು ಹರಿಯುತ್ತಲೇ ಇತ್ತು. "ಈಗ ಮನುಷ್ಯರನ್ನೇ ಸೇರಿಸ್ತೀವಿ. ಕಾಲ ಬದಲಾಗಿದೆ. ಜನಕ್ಕೆ ಬುದ್ಧಿಮಾತು ಬೇಡ, ನೀವು ಬೇಕು. ನಿಮ್ಮತ್ತೆ ಇನ್ನೂ ಬೇಕು! ಬೀರುವಿನೊಳಗೊಂದು ಕ್ಯಾಮೆರಾ, ಅಡುಗೆಮನೇಲೊಂದು. ಆ ನೀಲಿ ಕೋಟಿಗೆ ಒಂದು ಪುಟ್ಟ ಮೈಕು..."

"ಕೋಟಿಗೆ?"

"ಮುದ್ದಾಗಿರತ್ತೆ ಅಕ್ಕ!"

ಅವಳು ಎದ್ದಳು. ಆಶ್ಚರ್ಯವೆಂದರೆ, ಬೀರುವಿಲ್ಲದೆಯೂ ದನಿ ಹೊರಟಿತು.

"ಕಾರ್ಯಕ್ರಮದ ಹೆಸರು ನೀವೇ ಇಟ್ಕೊಳ್ಳಿ, ನಾನು ಹೊರಟೆ. ಪಾತ್ರೆಗಳು ನಮ್ಮನೇವು."

ಮನೆಗೆ ಬಂದರೆ ಬಾಗಿಲಲ್ಲಿ ಗಂಡಸಿನ ಚಪ್ಪಲಿ. ಸೋಫಾದ ತುದಿಯಲ್ಲಿ ಆ ಕಿವಿಗಳು!

ಅವನು ಕಂತು ಕೇಳಿದ್ದಾನೆ. 'ನಕ್ಕರೆ ಚೆನ್ನಾಗಿ ಕಾಣ್ತಾರೆ'... ಅವಳಿಗೆ ಮುಂದಿನದು ನೆನಪಿಲ್ಲ. ಕಾಲು ತಾವಾಗಿ ಓಡಿದವು. ಬೀರುವಿನೊಳಗೆ ನುಗ್ಗಿ ಬಾಗಿಲು ಹಾಕಿಕೊಂಡಳು.

ಹೊರಗೆ ಹೆಜ್ಜೆ ಸದ್ದು. ಈ ಸಲ ಬಾಗಿಲು ಧಡಾರನೆ ತೆರೆಯಲಿಲ್ಲ. ಮೆಲ್ಲಗೆ ಬೆರಳಿನಿಂದ ತಟ್ಟಿದ ಸದ್ದು.

"ಮೇಡಂ... ಅದನ್ನ ನಾನು ಮಾಡಿದ್ದಲ್ಲ."

"ಗೊತ್ತಾಯ್ತು," ಕೋಟುಗಳೊಳಗಿಂದ ಅವಳೆಂದಳು. "ನನ್ನ ಸಂದೇಶ ಓದಿದ್ರಾ?"

"ಇಲ್ಲ. ಆಫೀಸಿನ ಫೋನು, ಅಲ್ಲೇ ಕಿತ್ತುಕೊಂಡ್ರು. ಏನಿತ್ತು?"

"ಏನಿಲ್ಲ. ಓದಬೇಡಿ. ಆದ್ರೆ ಎಲ್ಲ ಉಲ್ಟಾ ಹೇಗಾಯ್ತು? ಚಪ್ಪಾಳೆ ನಾನು ಸರಿಯಾಗೇ ತಟ್ಟಿದ್ದೆ."

"ಅದನ್ನೇ ನೋಡೋಕೆ ಬಂದೆ. ಮೂಲ ರೆಕಾರ್ಡಿಂಗ್ ಒಮ್ಮೆ ಹಾಕ್ತೀರಾ?"

ಅವಳು ಒಳಗಿಂದಲೇ ರೆಕಾರ್ಡರಿನ ಗುಂಡಿ ಒತ್ತಿದಳು. 'ನಮಸ್ಕಾರ, ನಾನು ನಿಮ್ಮ ಅಕ್ಕ...' ಅದಾದ ಮೇಲೆ, ದೂರದಲ್ಲಿ, ಪಟ್!

"ನಿಲ್ಲಿಸಿ," ಎಂದನವನು. "ಇದು ನೀವಲ್ಲ. ನಿಮ್ಮದು ಮೆತ್ತಗಿರತ್ತೆ. ಇದು ಅಮ್ಮನ ಕೈ."

"ನಾನ್ಯಾಕೆ ಚಪ್ಪಾಳೆ ತಟ್ಲಿ?" ಅಡುಗೆಮನೆಯಿಂದ ಅತ್ತೆ ಗುಡುಗಿದರು. ಆಮೇಲೆ ಸ್ವಲ್ಪ ತಗ್ಗಿ, "ಸೊಳ್ಳೆ ಇರಬೇಕು."

"ವಾರಕ್ಕೊಂದು ಸೊಳ್ಳೆ ಸಾಯುತ್ತೆ ಮೇಡಂ. ನಾನು ತೆಗೆದುಬಿಡ್ತಿದ್ದೆ. ಯಂತ್ರಕ್ಕೆ ಅದು ನೀವು ಕೊಟ್ಟ ಸಂಜ್ಞೆ. ಸೊಳ್ಳೆ ಸತ್ತಲ್ಲಿಂದ ಕತ್ತರಿಸೋಕೆ ಶುರು ಮಾಡ್ತು. ನೀವು ಕತ್ತರಿಸಿ ಅಂದಲ್ಲಿ ಇಟ್ಕೊಳ್ತು, ಇಟ್ಕೊಳ್ಳಿ ಅಂದಲ್ಲಿ ಕತ್ತರಿಸ್ತು. ಕೊನೇವರೆಗೂ ತಿರುಗುಮುರುಗು."

ಅವಳಿಗೆ ನಗು ಬಂತು. ತಡೆದಳು. ತಡೆಯಲಾಗಲಿಲ್ಲ. ಒಂದು ಸೊಳ್ಳೆ... ಬರೀ ಒಂದು ಸೊಳ್ಳೆ ಅವಳ ಎದೆಯನ್ನು ಜಗತ್ತಿಗೆಲ್ಲ ತೆರೆದಿಟ್ಟಿತ್ತು! ನಗುತ್ತ ನಗುತ್ತ ಕಣ್ಣು ಒದ್ದೆಯಾದವು. ಹತ್ತಿರ ಸಿಕ್ಕಿದ್ದು ನೀಲಿ ಕೋಟಿನ ತೋಳು. ಅದರಲ್ಲೇ ಒರೆಸಿಕೊಂಡಳು.

"ನೀವು ಎಲ್ಲ ಕೇಳಿದ್ದೀರಿ, ಅಲ್ವಾ?" ಎಂದಳು. "ಮೊದಲಿನಿಂದಲೂ. ಕಸಾನೆಲ್ಲ."

"ಕೇಳದೆ ಕತ್ತರಿಸೋಕಾಗಲ್ಲ ಮೇಡಂ." ಬಾಗಿಲಾಚೆ ಅವನು ನೆಲದ ಮೇಲೆ ಕೂತ ಸದ್ದು. "ಒಂದೂ ಇಟ್ಟುಕೊಂಡಿಲ್ಲ. ನೆನಪಲ್ಲಿರೋದನ್ನ ಅಳಿಸೋಕೆ ಮಾತ್ರ ನನಗೆ ಬರಲಿಲ್ಲ."



ಆಮೇಲೆ ಬಾಗಿಲಾಚೆಯಿಂದ ಒಂದು ಚಪ್ಪಾಳೆ.

ಅವಳು ನೆಟ್ಟಗಾದಳು. 'ಇಲ್ಲಿಂದ ಕತ್ತರಿಸಿ' ಎನ್ನುತ್ತಿದ್ದಾನೆ. ಮುಂದೆ ಹೇಳುವುದು ಬೇಡವೆನಿಸಿದರೆ ಕಸಕ್ಕೆ ಹಾಕು ಎನ್ನುತ್ತಿದ್ದಾನೆ.

"ನಾನು... ಅಂದ್ರೆ, ನೀವು ಅವರ ಜೊತೆ ಮಾತಾಡೋದನ್ನ ನಿಲ್ಲಿಸಬೇಕು ಅಂತಲ್ಲ. ನಿಲ್ಲಿಸಬೇಡಿ. ಆದ್ರೆ ನನಗೆ... ಈ ವಾರ ಕಂತು ಬರೋವರೆಗೂ ಕಿವಿಗೆ ನಿಮ್ಮ ದನಿ ಬೀಳಲಿಲ್ಲ. ವಾರ ಹೋಗಲೇ ಇಲ್ಲ. ಕಿವಿ ದೊಡ್ಡದಾಗಿ ಏನು ಪ್ರಯೋಜನ ಅಂತ... ಛೆ! ಏನೋ ಹೇಳೋಕೆ ಹೋಗಿ..."

ಮಾತು ಅಲ್ಲೇ ಸಿಕ್ಕಿಹಾಕಿಕೊಂಡಿತು.

ಅವಳು ಕತ್ತಲಲ್ಲಿ ಕೋಟಿನತ್ತ ನೋಡಿದಳು. ಅದು ಎಂದಿನಂತೆ ತಿರುಗಿ ಮಾತಾಡಲಿಲ್ಲ. ತೋಳನ್ನು ಮೆಲ್ಲಗೆ ಅದರ ಜಾಗಕ್ಕೆ ಬಿಟ್ಟಳು.

ಆಮೇಲೆ ಎರಡು ಕೈ ಎತ್ತಿ, ಮೆತ್ತಗೆ, ಒಂದು ಚಪ್ಪಾಳೆ ತಟ್ಟಿದಳು.



"ತಡವರಿಸಿದ್ದನ್ನೆಲ್ಲ ಕತ್ತರಿಸಿದೆ," ಎಂದಳು, ಬಾಗಿಲನ್ನು ಗೇಣಷ್ಟು ತೆರೆದು. "ಇಲ್ಲಿಂದ ಇಟ್ಕೊಳ್ತೀನಿ. ಈಗ ಸರಿಯಾಗಿ ಹೇಳಿ."

ಅವನು ನಕ್ಕ. ನಿಜ, ನಕ್ಕರೆ ಚೆನ್ನಾಗಿ ಕಾಣುತ್ತಿದ್ದ.

"ನನಗೆ ನೀವಂದ್ರೆ ಇಷ್ಟ."

ಪಟ್! ಅಡುಗೆಮನೆಯ ಬಾಗಿಲಿಂದ ಜೋರು ಚಪ್ಪಾಳೆ.

"ಅತ್ತೇ!" ಅವಳು ಕಿರುಚಿದಳು. "ಈಗಲೂ ಸೊಳ್ಳೆನಾ?"

"ಸೊಳ್ಳೆ ಅಲ್ಲ ಕಣೇ!" ಅತ್ತೆ ಮೂಗೊರೆಸಿಕೊಳ್ಳುತ್ತ, ಮತ್ತೆ ಮತ್ತೆ ತಟ್ಟುತ್ತಲೇ ಹೇಳಿದರು. "ಇದು ನಂದೇ!"

ಅವನು ಅವಳತ್ತ ತಿರುಗಿ ಮೆಲುದನಿಯಲ್ಲಿ ಕೇಳಿದ, "ಅಮ್ಮನ ಚಪ್ಪಾಳೇನ ತೆಗೆದುಬಿಡ್ಲಾ?"

"ಬೇಡ," ಎಂದಳು ಅವಳು, ಪಕ್ಕಕ್ಕೆ ಸರಿದು ಕೋಟುಗಳ ನಡುವೆ ಅವನಿಗೂ ಜಾಗ ಮಾಡುತ್ತ. "ಇರ್ಲಿ."

"ಸರಿ ಮೇಡಂ."

"ಮೇಡಂ ಅನ್ನೋದನ್ನ ಮಾತ್ರ ಕತ್ತರಿಸಿ."