ಪೊಳ್ಳುಮರದ ರಾಣಿಗೆ ಕೊಟ್ಟ ತೊಟ್ಟಿಲು

ಬಹಳ ಹಿಂದೆ, ನಿಮ್ಮ ತಾತನ ತಾತನಿಗೂ ಹಲ್ಲು ಮೂಡದೆ ಇದ್ದ ಕಾಲದಲ್ಲಿ, ಹುತ್ತಗಿರಿ ಅಂತ ಒಂದು ರಾಜ್ಯ ಇತ್ತು. ಈ ಕತೆನ ನಾನು ಹೇಳ್ದಂಗೆ ಹೇಳೋರು ಇನ್ನೊಬ್ಬರಿಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಬೇರೆಯೋರು ಹೇಳಕ್ಕೆ ಕೂತ್ರೆ ಹುಳಾನ ಬಿಟ್ಟು ರಾಜನ್ನ ಹಿಡ್ಕೊತಾರೆ. ಈ ಕತೇಲಿ ರಾಜ ಬರೀ ಮಲಗಿರ್ತಾನೆ. ಕೆಲಸ ಎಲ್ಲಾ ಹುಳದ್ದು.

ಹುತ್ತಗಿರಿ ಸುತ್ತ ಕಾಡು. ಮುನ್ನೂರು ವರ್ಷ, ನಾನೂರು ವರ್ಷದ ಮರಗಳು. ಅಷ್ಟು ವಯಸ್ಸಾದ ಮರ ಒಳಗಿಂದ ಪೊಳ್ಳಾಗುತ್ತೆ. ಹೊರಗೆ ಹಸಿರು ಎಲೆ, ಒಳಗೆ ಆನೆಮರಿ ನಿಲ್ಲೋವಷ್ಟು ಜಾಗ. ಆ ಪೊಳ್ಳಲ್ಲಿ ಚಿಟಿಕೆ ಹುಳ ಇರ್ತಿತ್ತು. ನೀಳ ಮೈ, ಕರೀ ಬೆನ್ನು, ಬೆನ್ನ ಮೇಲೆ ನೇರಳೆ ಹಣ್ಣಿನ ಹೊಳಪು. ಕಾಲು ಮಾತ್ರ ಗಿಡ್ಡ. ಅಂಗಾತ ಬಿದ್ರೆ ನೆಲಕ್ಕೆ ಎಟುಕಲ್ಲ. ಆದ್ರೆ ಅದರ ಎದೇಲಿ ಒಂದು ಮೊಳೆ ಇದೆ, ಆ ಮೊಳೆ ಕೂರೋಕೆ ಒಂದು ಗುಳಿ ಇದೆ. ಮೈನ ಬಿಲ್ಲಿನಂಗೆ ಬಗ್ಗಿಸಿ, ಮೊಳೆನ ಗುಳಿಗೆ ಜಾರಿಸ್ತು ಅಂದ್ರೆ, ಚಿಟಿಕ್. ಆಕಾಶಕ್ಕೆ ನೆಗೆದು ಕಾಲ ಮೇಲೆ ಬಂದು ನಿಂತ್ಕೊಳುತ್ತೆ.

ಕಾಡಲ್ಲಿ ಆ ಚಿಟಿಕೆ ಸದ್ದು ಇರೋವರೆಗೂ ಹುತ್ತಗಿರಿಲಿ ಬಿದ್ದೋರು ಏಳ್ತಿದ್ರು. ಇದು ಯಾರಿಗೂ ಗೊತ್ತಿರಲಿಲ್ಲ. ಊರಲ್ಲಿ ಒಂದು ಪದ್ಧತಿ ಮಾತ್ರ ಇತ್ತು. ಮಗು ಮೊದಲನೇ ಸಲ ಅಂಗಾತದಿಂದ ಬೋರಲು ಬಿದ್ದ ದಿನ, ಅದರ ಅಪ್ಪ ಒಂದು ಬೋಗುಣಿ ಬೆಲ್ಲದ ಅನ್ನ ತಗೊಂಡು ಹೋಗಿ ಪೊಳ್ಳುಮರದ ಬುಡದಲ್ಲಿ ಇಟ್ಟು ಬರ್ತಿದ್ದ. ಯಾಕೆ ಅಂತ ಕೇಳಿದ್ರೆ, ನಮ್ಮಪ್ಪ ಇಡ್ತಿದ್ದ ಅಂತಿದ್ದ.

ಹಿಂಗಿರೋವಾಗ ಕಾಳಭಸ್ಮ ಅನ್ನೋ ಮಾಯಗಾರ ಆ ಊರಿಗೆ ಬಂದ. ಗರಡಿಲಿ ಕುಸ್ತಿಗೆ ನಿಂತ. ಊರಿನ ಒಬ್ಬ ಕುಂಬಾರನ್ನ ಒಂದು ಸಲ ಕೆಡವಿದ, ಕುಂಬಾರ ಎದ್ದ. ಎರಡು ಸಲ ಕೆಡವಿದ, ಎದ್ದ. ಮೂರು ಸಲ ಕೆಡವಿದ, ಎದ್ದ. ನಾಲ್ಕನೇ ಸಲ ಕುಂಬಾರ ಕಾಳಭಸ್ಮನ್ನ ಎತ್ತಿ ಚಿತ್ ಹಾಕಿದ. ಊರೆಲ್ಲಾ ನಕ್ತು. ಕಾಳಭಸ್ಮ ಅಂಗಾತ ಬಿದ್ದಿದ್ದಾಗ ಕತ್ತು ವಾಲಿ ಅವನ ಕಿವಿ ನೆಲಕ್ಕೆ ತಾಗಿತ್ತು. ನೆಲದೊಳಗೆ, ದೂರದಲ್ಲಿ, ಬೇರಿಂದ ಬೇರಿಗೆ ಹಾಯ್ಕೊಂಡು ಬರ್ತಾ ಇತ್ತು ಆ ಸದ್ದು. ಚಿಟಿಕ್. ಚಿಟಿಕ್.

ಓಹೋ, ಇವರು ಏಳೋದು ಇದರಿಂದ, ಅಂತ ಅವನಿಗೆ ಗೊತ್ತಾಗೋಯ್ತು. ಈ ಊರನ್ನೇ ಚಿತ್ ಹಾಕ್ತೀನಿ ಅಂತ ಅವತ್ತೇ ಆಣೆ ಇಟ್ಟ.

ರಾಜ ಚಂಪರಾಯನಿಗೆ ಚೊಕ್ಕಟದ ಹುಚ್ಚು. ಕಾಡಲ್ಲಿ ಬಿದ್ದ ತರಗೆಲೇನೂ ಗುಡಿಸೋಕೆ ಆಳು ಇಟ್ಟಿದ್ದ. ಕಾಳಭಸ್ಮ ಅವನ ಹತ್ರ ಹೋಗಿ, "ಮಹಾಪ್ರಭು, ಇಂಥಾ ಚೆಂದದ ರಾಜ್ಯದಲ್ಲಿ ಕೊಳೆತ ಮರ, ಪೊಳ್ಳು ಮರ. ನೋಡಿದೋರು ಏನಂದಾರು," ಅಂದ.

"ಕಡೀರಿ, ಸುಡಿ," ಅಂದ ರಾಜ.

ಕಡಿಯೋಕೆ ಮೊದಲು ಪೊಳ್ಳು ಯಾವುದು ಅಂತ ಗೊತ್ತಾಗಬೇಕಲ್ಲ. ಅದಕ್ಕೆ ದ್ಯಾವನ್ನ ಕರೆಸಿದ್ರು. ದ್ಯಾವ ಮರ ಕಡಿಯೋರ ಮಗ. ಕೊಡಲಿ ಹಿಂಬದಿಯಿಂದ ಮರಕ್ಕೆ ಒಂದೇಟು ತಟ್ತಿದ್ದ, ಕಿವಿ ಕೊಡ್ತಿದ್ದ. ಗಟ್ಟಿ ಮರ ಟಣ್ ಅಂತಿತ್ತು. ಪೊಳ್ಳು ಮರ ಡೊಬ್ ಅಂತಿತ್ತು. ಅವನ ಕಿವಿ ಒಂದು ಸಲಾನೂ ತಪ್ಪಿದ್ದಿಲ್ಲ. ಡೊಬ್ ಅಂದಲ್ಲಿ ಸುಣ್ಣದ ಗುರುತು ಹಾಕ್ತಿದ್ದ, ಹಿಂದೆ ಬಂದೋರು ಬೆಂಕಿ ಇಡ್ತಿದ್ರು. ರಾಜ ಅವನ ಕೈಗೆ ಬೆಳ್ಳಿ ಕಡಗ ಹಾಕ್ಸಿದ. ದ್ಯಾವ ಅದನ್ನ ಬೀದೀಲಿ ಆಡಿಸ್ಕೊಂಡು ನಡೀತಿದ್ದ.

ಮರ ಒಂದೊಂದಾಗಿ ಹೋಯ್ತು. ಮೊದಲು ಕೆರೆ ಆಮೆಗಳು ಅಂಗಾತ ಬಿದ್ದು ಹಂಗೇ ಉಳಿದ್ವು. ಆಮೇಲೆ ಬಚ್ಚಲಲ್ಲಿ ಜಾರಿದ ಮುದುಕರು ಹಂಗೇ ಉಳಿದ್ರು. ಎತ್ತಿ ನಿಲ್ಲಿಸಿದ್ರೆ ಕಾಲು ನಿಲ್ತಿರಲಿಲ್ಲ, ಮತ್ತೆ ಚಿತ್. ಆಮೇಲೆ ರಾಜ ಕುದುರೆ ಮೇಲಿಂದ ಬಿದ್ದ. ಅವನನ್ನ ಹಂಗೇ ಹೊತ್ತು ತಂದು ಮಂಚಕ್ಕೆ ಹಾಕಿದ್ರು. ಸಿಂಹಾಸನದ ಮೇಲೆ ಕಾಳಭಸ್ಮ ಕೂತ್ಕೊಂಡ. ಜನ ಗೋಡೆಗೆ ಒರಗಿ ನಿದ್ದೆ ಮಾಡೋದು ಕಲಿತ್ರು. ಕೊನೆಗೆ ಮಕ್ಕಳ ಸರದಿ. ಹುಟ್ಟಿದ ಮಕ್ಕಳು ಹುಟ್ಟಿದಂಗೇ ಅಂಗಾತ. ಬೋರಲು ಬೀಳಲ್ಲ, ಅಂಬೆಗಾಲಿಲ್ಲ, ನಡಿಗೆ ಇಲ್ಲ.

ಅಂಥಾ ಕಾಲದಲ್ಲಿ ದ್ಯಾವನ ಹೆಂಡತಿ ಮುದ್ದಿಗೆ ಹೆಣ್ಣು ಮಗು ಆಯ್ತು. ಪಾರಿ ಅಂತ ಹೆಸರಿಟ್ರು. ದ್ಯಾವನ ಮುತ್ತಾತ ಒಂದೇ ದಿಮ್ಮಿ ಕೊರೆದು ಮಾಡಿದ ತೊಟ್ಟಿಲು ಮನೇಲಿತ್ತು, ಅದರಲ್ಲಿ ಮಲಗಿಸಿದ್ರು. ಪಾರಿ ಸೂರು ನೋಡ್ಕೊಂಡು ಮಲಗಿತ್ತು. ನಾಲ್ಕು ತಿಂಗಳಾಯ್ತು, ಐದಾಯ್ತು, ಏಳಾಯ್ತು.

ಹೆರಿಗೆ ಮಾಡಿದ್ದ ಚೌಡಜ್ಜಿ ಒಂದಿನ ಮನೆಗೆ ಬಂದ್ಲು. "ಬೋರಲು ಬಿತ್ತೇನೆ?" ಅಂದ್ಲು.

"ಇಲ್ಲಜ್ಜಿ," ಅಂದ್ಲು ಮುದ್ದಿ. "ಗಿಲಕಿ ಆಡಿಸಿದ್ರೆ ಕತ್ತು ತಿರುಗಿಸ್ತಾಳೆ. ಮೈ ತಿರುಗಲ್ಲ."

"ಯಾಕಜ್ಜಿ ಹಿಂಗೆ?" ಅಂದ ದ್ಯಾವ.

"ನನ್ನನ್ಯಾಕೆ ಕೇಳ್ತೀಯ? ರಾಜ್ಯಕ್ಕೇ ಚುರುಕು ಕಿವಿ ನಿಂದು. ಕಡಗ ಬೇರೆ ಇದೆ. ಕಾಡಿಗೆ ಹೋಗಿ ಕೂತ್ಕೊ. ಏನು ಕೇಳಿಸ್ತು ಅಂತ ಬೇಡ, ಏನು ಕೇಳಿಸಲಿಲ್ಲ ಅಂತ ಬಂದು ಹೇಳು."

ದ್ಯಾವ ಬೆಳಗಿಂದ ಮಧ್ಯಾಹ್ನದವರೆಗೂ ಕಾಡಲ್ಲಿ ಕೂತ. ಗಾಳಿ ಇತ್ತು, ನೀರಿತ್ತು, ಹಕ್ಕಿ ಇತ್ತು. ಎದ್ದು ಬಂದೋನ ಮುಖ ಬಿಳುಚಿತ್ತು.

"ಚಿಟಿಕೆ ಇಲ್ಲ ಅಜ್ಜಿ. ಒಂದೂ ಇಲ್ಲ."

"ಹೂಂ. ಈಗ ತಿಳೀತಾ ಯಾಕೆ ಅಂತ?"

ದ್ಯಾವ ಮಗೂನ ನೋಡಿದ, ಕಡಗ ನೋಡಿದ, ನೆಲ ನೋಡಿದ.

"ಒಂದೇ ಒಂದು ಮರ ಉಳಿದಿದೆ," ಅಂದ್ಲು ಅಜ್ಜಿ. "ಕಾಳಭಸ್ಮ ಮೊದಲು ಬಿಡಾರ ಹಾಕಿದ್ದ ಗುಡ್ಡದ ಹಿಂದೆ. ಅದರ ಸದ್ದು ಊರಿಗೆ ಮುಟ್ಟಲ್ಲ. ಯಾವುದು ಅಂತ ಅವನಿಗೂ ಗೊತ್ತಿಲ್ಲ. ಅದರೊಳಗೆ ಚಿಟಿಕೆ ಹುಳದ ರಾಣಿ ಇದಾಳೆ. ಅವಳನ್ನ ಕೇಳು. ಅದೂ ಹೋಯ್ತು ಅಂದ್ರೆ ನಿನ್ನ ಮಗಳು ಮುದುಕಿ ಆಗೋವರೆಗೂ ಸೂರೇ ನೋಡ್ಬೇಕು."

"ಹೋಗು," ಅಂದ್ಲು ಮುದ್ದಿ. "ಬರೋವಾಗ ಆ ಕಡಗ ನಿನ್ನ ಕೈಲಿದ್ರೆ ಒಳಗೆ ಬಿಡಲ್ಲ."

ದ್ಯಾವ ಕೊಡಲಿ ಹೆಗಲಿಗೆ ಹಾಕ್ಕೊಂಡು ಗುಡ್ಡದ ಹಿಂದಕ್ಕೆ ಹೋದ. ಅಲ್ಲಿ ಸಾವಿರ ಮರ, ಎಲ್ಲಾ ಒಂದೇ ಥರ. ಉಳಿದ ಮರ ಅಲ್ಲೇ ಎಲ್ಲೋ ಇದೆ ಅಂತ ಕಾಳಭಸ್ಮನಿಗೆ ಗುಮಾನಿ ಇತ್ತು. ತಟ್ಟಿ ಹುಡುಕೋರಿಗೆ ಸಿಗಬಾರದು ಅಂತ ರಾಣಿ ಮಾಯೆ ಹಾಕಿದ್ಲು. ದ್ಯಾವ ಮೊದಲನೇ ಮರ ತಟ್ಟಿದ, ಟಣ್. ಎರಡನೇದು ತಟ್ಟಿದ, ಟಣ್. ನೂರು ತಟ್ಟಿದ್ರೂ ಟಣ್. ಕಿವಿ ತಪ್ಪದ ದ್ಯಾವನಿಗೆ ಕಿವಿ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಕೊಡಲಿ ಕೆಳಗಿಟ್ಟ. ತಟ್ಟೋದು ಬಿಟ್ಟ. ಹುಟ್ಟಿದಾಗಿಂದ ಮರಾನ ಹೊಡೆದು ಮಾತಾಡಿಸಿದ್ದನೇ ಹೊರತು, ಮರ ತಾನಾಗಿ ಏನಂತದೆ ಅಂತ ಕೇಳಿದ್ದೇ ಇಲ್ಲ. ಒಂದೊಂದು ಮರಕ್ಕೂ ಕೆನ್ನೆ ಆನಿಸಿ, ಉಸಿರು ಹಿಡಿದು ನಿಂತ. ಒಂದಿನ ನಿಂತ, ಎರಡು ದಿನ ನಿಂತ. ಮೂರನೇ ದಿನ, ಬಿಸಿಲು ನೆತ್ತಿಗೆ ಬಂದಾಗ, ಒಂದು ಮರದೊಳಗಿಂದ ಕೇಳಿಸ್ತು. ಚಿಟಿಕ್. ಅಷ್ಟೇ.

ಮರದ ಬುಡದಲ್ಲಿ ಒಂದು ಬಾಯಿ ತೆರೀತು. ಬಾಯಲ್ಲಿ ಒಂದು ಕರಡಿ ಕೂತಿತ್ತು. ಅದರ ಮೈಮೇಲೆ ಕೂದಲಿಲ್ಲ, ಮರದ ತೊಗಟೆ. ಹೆಗಲ ಮೇಲೆ ಸಾಲಾಗಿ ಅಣಬೆ.

"ನಿನ್ನ ಮೈಯೆಲ್ಲಾ ಬೂದಿ ವಾಸನೆ," ಅಂತು ಕರಡಿ. "ನೀನೇ ಅಲ್ವೇನೋ ಆ ಡೊಬ್ ದ್ಯಾವ?"

"ನಾನೇ."

"ಸುಳ್ಳು ಹೇಳಿದ್ರೆ ತಿಂತಿದ್ದೆ. ಏನು ಕೊಟ್ಟು ಒಳಗೆ ಹೋಗ್ತೀಯ?"

ದ್ಯಾವ ಕಡಗ ಬಿಚ್ಚಿ ಕೊಟ್ಟ. ಕರಡಿ ಮೂಸಿ ಆಚೆ ಎಸೀತು. "ಇದು ನಿಂದಲ್ಲ, ರಾಜಂದು. ನಿಂದು ಕೊಡು."

ಕೊಡಲಿ ಅವನ ಅಪ್ಪಂದು, ಅಪ್ಪನ ಅಪ್ಪಂದು. ಅದಿಲ್ಲದೆ ಅವನಿಗೆ ಅನ್ನ ಇಲ್ಲ. ದ್ಯಾವ ಕೊಡಲಿ ಕೊಟ್ಟ. ಕರಡಿ ಅದನ್ನ ಕಬ್ಬು ಅಗಿದಂಗೆ ಅಗಿದು ನುಂಗಿ, ಪಕ್ಕಕ್ಕೆ ಸರೀತು.

ಒಳಗೆ ಹೋದ ದ್ಯಾವ ನಿಂತಲ್ಲೇ ನಿಂತ. ಸತ್ತ ಮರ ಅಂದ್ಕೊಂಡಿದ್ದ, ಒಳಗೆ ಒಂದು ರಾಜ್ಯಾನೇ ಇತ್ತು. ಮೇಲೆ ನೋಡಿದ್ರೆ ಗೋಪುರ, ಕೊನೇನೇ ಕಾಣಲ್ಲ. ಮರಕುಟಿಗ ಕೊರೆದ ತೂತುಗಳಿಂದ ಬಿಸಿಲು ಚಿನ್ನದ ಹಗ್ಗದಂಗೆ ಇಳೀತಿತ್ತು. ಗೂಡುಗಳಲ್ಲಿ ಗೂಬೆಗಳು ಮಂತ್ರಿಗಳ ಥರ ಕಣ್ಣು ಮುಚ್ಕೊಂಡು ಕೂತಿದ್ವು. ಗೋಡೆ ತುಂಬಾ ಛತ್ರಿ ಅಣಬೆ. ಕಾಲಡಿ ಮೊಣಕಾಲುದ್ದ ಕೆಂಪು ಹುಡಿ, ಮರಾನೇ ಕೊಳೆತು ಹುಡಿಯಾದದ್ದು. ತಣ್ಣಗೆ, ಹಸಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ. ದಪ್ಪ ಬಿಳೀ ಹುಳಗಳು ಮರ ಮೇಯ್ದು ಆ ಹುಡಿ ಮಾಡ್ತಿದ್ವು. ಹುಡಿಯೊಳಗೆ ತಾಮ್ರದ ತಂತಿ ಥರದ ಮರಿಗಳು ಹರೀತಿದ್ವು, ಆ ಬಿಳೀ ಹುಳಗಳನ್ನ ಬೇಟೆ ಆಡ್ತಿದ್ವು. ದ್ಯಾವ ಅದುವರೆಗೂ ಸುಡಿಸಿದ ಒಂದೊಂದು ಮರದೊಳಗೂ ಹಿಂಗೇ ಇತ್ತು.

ಹುಡಿ ನಡುವಿಂದ ರಾಣಿ ಎದ್ಲು. ಎಮ್ಮೆಕರುವಿನಷ್ಟು ದೊಡ್ಡ ಚಿಟಿಕೆ ಹುಳ. ಬೆನ್ನು ನೇರಳೆ, ಎದೇಲಿ ಕಬ್ಬಿಣದ ಗೂಟದಂಥ ಮೊಳೆ.

"ನಿನ್ನ ಮಗಳು ತಿರುಗಬೇಕು, ಅಲ್ವಾ?" ಅಂದ್ಲು.

"ಹೌದು ತಾಯಿ."

"ನನಗೂ ಮಕ್ಕಳಿವೆ. ನೋಡು ಆ ತಂತಿಗಳನ್ನ. ಐದು ವರ್ಷ ಕತ್ತಲೆಯ ಹುಡಿಲಿ ಬೆಳೀತವೆ. ರೆಕ್ಕೆ ಬಂದ ಮೇಲೆ ನಮಗೆ ಬೆಳಕಿನ ಆಯಸ್ಸು ಇಪ್ಪತ್ತು ದಿನ. ನನಗೆ ಇವತ್ತು ಹತ್ತೊಂಬತ್ತು. ಈ ಮರ ಹಳೇದು, ಒಂದು ದೊಡ್ಡ ಗಾಳಿಗೆ ಬಿದ್ದೋಗುತ್ತೆ. ಇದರ ಪಕ್ಕದ ಮರ ಪೊಳ್ಳಾಗೋಕೆ ಇನ್ನೂ ನೂರು ವರ್ಷ ಬೇಕು. ನಡುವಿನ ವಯಸ್ಸಿನ ಮರಗಳನ್ನೆಲ್ಲಾ ನೀನು ತಟ್ಟಿ ತೋರಿಸಿ ಸುಡಿಸ್ದೆ. ಈ ನೂರು ವರ್ಷ ನನ್ನ ಮಕ್ಕಳು ಎಲ್ಲಿರಬೇಕು? ಅದಕ್ಕೊಂದು ದಾರಿ ತೋರ್ಸು. ಚಿಟಿಕೆ ಉಳಿಯುತ್ತೆ, ನಿನ್ನ ಮಗಳೂ ತಿರುಗ್ತಾಳೆ."

ಮರ ಹುಡುಕಿದ್ದು ಒಂದು, ಕೊಡಲಿ ಕೊಟ್ಟಿದ್ದು ಎರಡು, ಇದು ಮೂರನೇ ಪರೀಕ್ಷೆ. ಕಿವಿಯಿಂದ ಆಗದು, ಕೊಡಲಿಯಿಂದ ಆಗದು. ನೂರು ವರ್ಷದ ಮರಾನ ಒಂದು ದಿನದಲ್ಲಿ ಯಾವ ಮಗ ಮಾಡ್ತಾನೆ? ದ್ಯಾವ ತಲೆ ಹಿಡ್ಕೊಂಡು ಕೂತ. ಸುತ್ತಲೂ ಗುಂಡಗೆ ಮರದ ಗೋಡೆ, ನಡುವೆ ಮೆತ್ತಗೆ ಹುಡಿ, ಅದರಲ್ಲಿ ಮಲಗಿದ ಮರಿಗಳು. ಇದನ್ನ ಎಲ್ಲೋ ನೋಡಿದ್ದೀನಲ್ಲ ಅನ್ನಿಸ್ತು. ತಟ್ಟನೆ ಎದ್ದು ಮನೆಗೆ ಓಡಿದ.

"ಮುದ್ದಿ, ತೊಟ್ಟಿಲು ಬೇಕು."

"ಮಗು ಅದರಲ್ಲಿ ಮಲಗಿದೆ, ಕಣ್ಣು ಕಾಣ್ಸಲ್ವಾ?"

"ಹುಳಕ್ಕೆ ಬೇಕು."

ಮುದ್ದಿ ಅವನ ಬರೀ ಕೈ ನೋಡಿದ್ಲು. ಕಡಗ ಇಲ್ಲ, ಕೊಡಲೀನೂ ಇಲ್ಲ. ಮಗೂನ ಎತ್ತಿ ಚಾಪೆ ಮೇಲೆ ಮಲಗಿಸಿದ್ಲು. "ಮುಚ್ಚಳಕ್ಕೆ ಈ ಒಳಕಲ್ಲು ಪಕ್ಕದ ಹಲಗೆನೂ ತಗೊ. ಮಳೆ ಬಿದ್ರೆ ನೆಂದೋಗ್ತವೆ," ಅಂದ್ಲು. ಅವನಿಗಿಂತ ಅವಳಿಗೇ ಜಾಸ್ತಿ ಬುದ್ಧಿ.

ದ್ಯಾವ ತೊಟ್ಟಿಲು ಹೊತ್ತು ವಾಪಸ್ ಬಂದ. ಬೊಗಸೆ ಬೊಗಸೆ ಕೆಂಪು ಹುಡಿ ತುಂಬಿದ. ಒಣಗಬಾರದು, ಅದಕ್ಕೆ ಮೇಲೆ ಕೊಳೆತ ಎಲೆ ಹಾಸಿದ. ರಾಣಿ ಅದರಲ್ಲಿ ಮೊಟ್ಟೆ ಇಟ್ಟು ಮತ್ತೆ ಹುಡಿಯೊಳಗೆ ಇಳಿದ್ಲು. ದ್ಯಾವ ಮುಚ್ಚಳ ಕಟ್ಟಿ, ಹುಳ ಹೋಗಿ ಬರೋಕೆ ಒಂದು ತೂತು ಬಿಟ್ಟು, ಪಕ್ಕದ ಮರದ ಕವಲಲ್ಲಿ, ನೆರಳಲ್ಲಿ ತೊಟ್ಟಿಲು ಕಟ್ಟಿದ. ಕೆಳಗಿಳಿದು ತಿರುಗಿದ್ರೆ, ಎದುರಿಗೆ ಕಾಳಭಸ್ಮ. ಕೈಲಿ ಪಂಜು.

"ಭೇಷ್ ದ್ಯಾವ. ತೊಟ್ಟಿಲು ಹೊತ್ತು ಓಡೋನ ಹಿಂದೆ ಬಂದ್ರೆ ಮರ ಸಿಗ್ತು. ನಿನ್ನ ಕಿವಿ ಕೊನೆವರೆಗೂ ನನಗೇ ದುಡೀತು ನೋಡು."

"ಈ ಮರಕ್ಕೆ ಬೆಂಕಿ ಬೀಳಲ್ಲ," ಅಂತ ದ್ಯಾವ ಅಡ್ಡ ನಿಂತ.

"ಕುಸ್ತಿಗೆ ಬರ್ತೀಯಾ? ಈ ಊರಲ್ಲಿ ಬಿದ್ದೋರು ಏಳಲ್ಲ, ಗೊತ್ತು ತಾನೆ?"

"ಗೊತ್ತು. ಯಾರು ಬೀಳ್ತಾರೆ ಅಂತ ನೋಡೋಣ."

ಕರಡಿ ನುಗ್ಗಿ ಬಂತು. ಕಾಳಭಸ್ಮ ಒಂದು ಬೆರಳು ಎತ್ತಿದ, ಕರಡಿ ನಿಂತಲ್ಲೇ ಮೋಟುಮರ ಆಯ್ತು. ಪಂಜನ್ನ ನೆಲಕ್ಕೆ ನೆಟ್ಟು ದ್ಯಾವನ್ನ ಹಿಡಿದ. ದ್ಯಾವ ಅವನ ಸೊಂಟ ಹಿಡಿದ. ಇಬ್ಬರೂ ತಳ್ಳಾಡ್ತಾ ಮರದ ಬಾಯಿಗೆ ಬಂದ್ರು. ಕಾಳಭಸ್ಮ ಕಾಲು ಕೊಟ್ಟ, ದ್ಯಾವ ಕೆಂಪು ಹುಡಿ ಮೇಲೆ ಅಂಗಾತ ಬಿದ್ದ. ಮೈ ಕಲ್ಲಾಯ್ತು. ಬೆರಳೂ ಅಲ್ಲಾಡಲಿಲ್ಲ. ಅವನ ಕಣ್ಣಿಗೆ ಮೇಲಿನ ಗೋಪುರ ಒಂದೇ ಕಾಣ್ತಿತ್ತು. ನನ್ನ ಮಗಳು ಏಳು ತಿಂಗಳಿಂದ ನೋಡ್ತಿರೋದು ಹಿಂಗೇ, ಅಂದ್ಕೊಂಡ.

ಕಾಳಭಸ್ಮ ನಕ್ಕು, ಅವನ ಮೇಲೆ ದಾಟ್ಕೊಂಡು, ಪಂಜು ತಗೊಳೋಕೆ ಬಗ್ಗಿದ.

ದ್ಯಾವನ ಬೆನ್ನ ಕೆಳಗೆ ಹುಡಿ ಅಲ್ಲಾಡ್ತು. ರಾಣಿ ಅವನಡಿಗೆ ಬಂದಿದ್ಲು. ಅಂಗಾತ ಹೊರಳಿದ್ಲು. ಮೈನ ಬಿಲ್ಲಿನಂಗೆ ಬಗ್ಗಿಸಿದ್ಲು. ಹತ್ತೊಂಬತ್ತು ದಿನದ ಶಕ್ತಿ, ಅದರ ಹಿಂದಿನ ಐದು ವರ್ಷದ ಶಕ್ತಿ, ಎಲ್ಲಾನೂ ಎದೆಯ ಮೊಳೆಗೆ ತಂದ್ಲು. ಮೊಳೆ ಗುಳಿಗೆ ಜಾರಿತು.

ಚಿಟಿಕ್.

ಆ ಸದ್ದು ಬೇರಿಂದ ಬೇರಿಗೆ ಓಡಿ, ಕಾಡು ದಾಟಿ, ಕೋಟೆ ದಾಟಿ, ಒಂದೊಂದು ಮನೆಯ ನೆಲಕ್ಕೂ ಮುಟ್ತು. ದ್ಯಾವ ಬಾಣದಂಗೆ ಮೇಲಕ್ಕೆ ಹಾರಿ, ಸದ್ದಿಗೆ ತಿರುಗಿ ನಿಂತ ಕಾಳಭಸ್ಮನ ಎದೆಗೇ ಬಂದು ಗುದ್ದಿದ. ಕಾಳಭಸ್ಮ ದಬಕ್ಕನೆ ಅಂಗಾತ ಬಿದ್ದ. ಏಳೋಕೆ ಹೋದ, ಆಗಲಿಲ್ಲ. ಅವನು ಊರೋರಿಗೆ ತಂದಿಟ್ಟಿದ್ದ ಏಳಲಾರದ ಗತಿಯೆಲ್ಲಾ ಸೇರಿ ಅವನೊಬ್ಬನ ಬೆನ್ನಿಗೇ ಅಂಟ್ಕೊಂಡಿತ್ತು.

ಮೋಟುಮರ ಆಗಿದ್ದ ಕರಡಿ ಮೈ ಕೊಡವಿ ಎದ್ದು ಪಂಜಿನ ಮೇಲೆ ಕೂತು ಆರಿಸ್ತು. ಕೆರೇಲಿ ಆಮೆಗಳು ಮಗುಚಿದ್ವು. ಮುದುಕರು ಎದ್ದು ಕೋಲು ಎಲ್ಲಿ ಅಂತ ಬೈದ್ರು. ಮಂಚದ ಮೇಲಿದ್ದ ಚಂಪರಾಯ ಎದ್ದು ಕೂತ್ಕೊಂಡ.

ಮರುದಿನ ರಾಣಿಯ ಇಪ್ಪತ್ತು ದಿನ ಮುಗೀತು. ದ್ಯಾವ ಅವಳನ್ನ ಹೂಳಲಿಲ್ಲ, ಸುಡಲಿಲ್ಲ. ಅವಳ ಹುಡೀಲೇ ಬಿಟ್ಟ.

ಕಾಳಭಸ್ಮ ಬಿದ್ದಲ್ಲೇ ಇದ್ದ. ಮಳೆ ಬಿತ್ತು, ಅವನ ಮೈಮೇಲೆ ಪಾಚಿ ಬಂತು, ಪಕ್ಕೇಲಿ ಅಣಬೆ ಎದ್ವು. ನಿಧಾನಕ್ಕೆ ಬಿದ್ದ ದಿಮ್ಮಿ ಆದ. ಈಗ ಅವನೊಳಗೂ ಹುಳ ಇವೆ. ಹುಟ್ಟಿದ ಮೇಲೆ ಮೊದಲನೇ ಸಲ ಯಾರಿಗೋ ಉಪಯೋಗಕ್ಕೆ ಬಂದ.

ರಾಜ ಡಂಗುರ ಹೊಡೆಸಿದ. ಪೊಳ್ಳುಮರ ಕಡೀಬಾರದು, ಸತ್ತು ನಿಂತ ಮರ ನಿಂತಿರಲಿ, ಬಿದ್ದ ಮರ ಬಿದ್ದಿರಲಿ, ತರಗೆಲೆ ಗುಡಿಸಬಾರದು. ದ್ಯಾವ ಮತ್ತೆ ಕಾಡಿಗೆ ಹೋಗ್ತಿದ್ದ, ಬೆರಳ ಗೆಣ್ಣಲ್ಲಿ ಮೆಲ್ಲಗೆ ಮರ ತಟ್ತಿದ್ದ. ಪೊಳ್ಳಾಗ್ತಾ ಇರೋ ಮರಕ್ಕೆ ಅರಿಶಿನದ ದಾರ ಕಟ್ತಿದ್ದ. ಆ ದಾರ ಇದ್ರೆ ರಾಜನೂ ಮುಟ್ಟಂಗಿಲ್ಲ.

ಅವತ್ತಿಂದ ಹುತ್ತಗಿರಿಲಿ ಪದ್ಧತಿ ಬದಲಾಯ್ತು. ಮಗು ಬೋರಲು ಬಿದ್ದ ದಿನ ಅದರ ತೊಟ್ಟಿಲಿಗೆ ಕೆಂಪು ಹುಡಿ ತುಂಬಿ ಕಾಡಿಗೆ ಕೊಡ್ತಾರೆ. ಮರಮರಕ್ಕೂ ತೊಟ್ಟಿಲು, ತೊಟ್ಟಿಲು ತುಂಬಾ ತಾಮ್ರದ ಮರಿಗಳು, ಎಳೇ ಮರ ಮುದಿಯಾಗೋವರೆಗೂ ಕಾಯ್ತಾ ತೂಗ್ತಿರ್ತವೆ.

ಕುಸ್ತಿ ಮುಗಿದ ದಿನ ಸಂಜೆ ದ್ಯಾವ ಮನೆಗೆ ಬಂದಾಗ ಮುದ್ದಿ ಬಾಗಿಲಲ್ಲೇ ನಿಂತಿದ್ಲು. ಬಾಯಿ ಮೇಲೆ ಬೆರಳಿಟ್ಟು ಒಳಗೆ ತೋರಿಸಿದ್ಲು. ಚಾಪೆ ಮೇಲೆ ಪಾರಿ ಬೋರಲು ಬಿದ್ದಿತ್ತು. ಎರಡು ಕೈ ಊರಿ, ನಡುಗೋ ಕತ್ತನ್ನ ಎತ್ತಿ ಹಿಡಿದು, ಸೂರು ಬಿಟ್ಟು ಮೊದಲನೇ ಸಲ ನೆಲ ನೋಡ್ತಿತ್ತು. ಅಪ್ಪನ ಕಾಲಿಂದ ಉದುರಿದ ಕೆಂಪು ಹುಡಿ ನೋಡಿ, ಅದರ ಕಡೆ ಒಂದು ಗೇಣು ತೆವಳ್ತು.

ಅಲ್ಲಿ ಬಿದ್ದೋರೆಲ್ಲಾ ಎದ್ರು, ಎದ್ದೋರೆಲ್ಲಾ ಹೊಟ್ಟೆ ತುಂಬಾ ಉಂಡ್ರು, ಸುಖವಾಗಿ ಬಾಳಿದ್ರು. ಕತೆ ಹೇಳಿ ನನ್ನ ಬಾಯಿ ಒಣಗ್ತು, ಕೇಳಿ ನಿಮ್ಮ ಬೆನ್ನು ಸೋತಿರಬೇಕು. ಏಳಿ, ಏಳೋಕಾಗುತ್ತೆ.