ಮೈಗೋಟೆಯ ಗಂಟೆಯ ಹಗ್ಗ

ಬಹಳ ಕಾಲದ ಹಿಂದೆ ಮೈಗೋಟೆ ಎಂಬ ರಾಜ್ಯದಲ್ಲಿ, ಕೈಬಿಟ್ಟರೆ ಮಾತ್ರ ಮೊಳಗುವ ಒಂದು ಗಂಟೆಯಿತ್ತು. ಅದರ ನಾಲಗೆಗೆ ಹಗ್ಗ ಬಿಗಿದು, ಆ ಹಗ್ಗವನ್ನು ಹಗಲೂ ರಾತ್ರಿ ಯಾರಾದರೊಬ್ಬರು ಎಳೆದು ಹಿಡಿದಿರಬೇಕು. ಬಿಟ್ಟರೆ ಢಣ್ಣೆಂದು ಸದ್ದು. ಸದ್ದಾದರೆ ಗೋಪುರದ ಅಡಿಯಲ್ಲಿ ಮಲಗಿರುವ ಬೆಂಕಿಕುದುರೆಗಳು ಎದ್ದುಬಿಡುತ್ತವೆ. ಹಗ್ಗವನ್ನು ಗೂಟಕ್ಕೆ ಕಟ್ಟಬಾರದೆಂಬುದು ಹಿರಿಯರ ಕಟ್ಟಳೆ. ಯಾಕೆ ಎಂದು ಕೇಳಿದರೆ ಉತ್ತರ ಹೇಳುವವರು ಯಾರೂ ಉಳಿದಿರಲಿಲ್ಲ.

ಹಗ್ಗ ಹಿಡಿಯುವ ಕೆಲಸ ಬೊಮ್ಮವ್ವ ಎಂಬ ಮುದುಕಿಯದು. ರಾಜಕುಮಾರ ಇಂದುಧರನನ್ನು ಒಂದೇ ಕೈಯಲ್ಲಿ ಎತ್ತಿ ಆಡಿಸಿದವಳು ಅವಳು. ಇನ್ನೊಂದು ಕೈಗೆ ಪುರುಸೊತ್ತೆಲ್ಲಿತ್ತು? ಒಂದು ದಿನ ರಾಜಕುಮಾರ ಅವಳ ಅಂಗೈ ಬಿಡಿಸಿ ನೋಡಿದ. ಚರ್ಮ ಸುಲಿದು ಕೆಂಪಗಾಗಿತ್ತು.

“ಅಜ್ಜಿ, ಇನ್ನು ಸಾಕು, ಬಿಡು.”

“ಬಿಟ್ರೆ ಹೊಡ್ಕೊಳ್ತದಲ್ಲೋ ಮಗಾ!”

“ಗೂಟಕ್ಕೆ ಕಟ್ತೀನಿ. ನೀನು ಕೂತ್ಕೋ.”

“ಕಟ್ಬಾರ್ದು ಅಂದವ್ರೆ ಹಿರೀಕ್ರು.”

“ಕುದುರೆ ಮಲಗಿದ್ರೆ ಸಾಕಲ್ವಾ? ಗೂಟಕ್ಕೆ ಕೈ ನೋಯೋದಿಲ್ಲ ಬಿಡು.”

ಬೊಮ್ಮವ್ವನಿಗೂ ಸಾಕುಸಾಕಾಗಿತ್ತು. ಗೂಟ ಹೊಡೆದಾಯಿತು, ಮೂರು ಗಂಟು ಬಿತ್ತು. ಅಂದು ಅವಳು ಎಷ್ಟೋ ವರ್ಷಗಳ ಮೇಲೆ ಎರಡೂ ಕೈಯಲ್ಲಿ ರೊಟ್ಟಿ ಮುರಿದು ತಿಂದಳು.

ಕಾಡಿನಾಚೆ ವಿಷಜಿಹ್ವ ಎಂಬ ಮಾಂತ್ರಿಕನಿದ್ದ. ಮೈಗೋಟೆಯ ನಡುವಿನ ಜೀವಕೊಳದ ಮೇಲೆ ಅವನ ಕಣ್ಣು. ಅದಕ್ಕೆ ಒಂದು ಹನಿ ನಂಜು ಬಿದ್ದರೆ ಸಾಕು, ಆ ನೀರು ಕುಡಿಯುವ ಊರಿಗೆ ಊರೇ ಕಲ್ಲಾಗಬೇಕು. ಅವನಿಗೆ ಕತ್ತಿ ಬೇಡ, ಸೈನ್ಯ ಬೇಡ. ಅವನು ಊದಿದ ಹಸಿರು ಹೊಗೆ ತಾಕಿದರೆ ಕೈ ಸೋತು ಜೋತುಬೀಳುತ್ತಿತ್ತು, ನಾಲಗೆ ಹೊರಳುತ್ತಿರಲಿಲ್ಲ. ಊರೆಲ್ಲ ಉಂಡು ತೂಕಡಿಸುವ ಮಟಮಟ ಮಧ್ಯಾಹ್ನ ಅವನು ಬಂದ.

ಮೊದಲ ಬಾಗಿಲಲ್ಲಿ ಕಂಚಿನ ನವಿಲು. ಹೊಗೆ ಊದಿದ. ಕೂಗಲು ತೆರೆದ ಕೊಕ್ಕು ತೆರೆದೇ ಉಳಿಯಿತು. ಎರಡನೆಯ ಬಾಗಿಲಲ್ಲಿ ಎರಡು ತಲೆಯ ನಾಯಿ. ಹೊಗೆ ಊದಿದ. ಯಾವ ತಲೆ ಮೊದಲು ಬೊಗಳಬೇಕೆಂದು ಯೋಚಿಸುವಷ್ಟರಲ್ಲಿ ಎರಡೂ ನೆಲಕ್ಕೊರಗಿದವು. ಮೂರನೆಯ ಬಾಗಿಲಲ್ಲಿ ನಗಾರಿಯವರು. ಹೊಗೆ ಊದಿದ. ಎತ್ತಿದ ಕೋಲುಗಳು ಕೈಯಿಂದ ಉದುರಿದವು. ಒಂದು ಸೊಲ್ಲೂ ಏಳಲಿಲ್ಲ.

ಉಪ್ಪರಿಗೆಯಿಂದ ಹೊಗೆ ಕಂಡ ಇಂದುಧರ ಕೂಗಲು ನೋಡಿದ. ನಾಲಗೆ ಆಗಲೇ ಭಾರವಾಗಿತ್ತು. ಎದ್ದೆನೋ ಬಿದ್ದೆನೋ ಎಂದು ಗೋಪುರಕ್ಕೆ ಓಡಿದ. ಅಲ್ಲಿ ಬೊಮ್ಮವ್ವ ಗೂಟದ ಪಕ್ಕದಲ್ಲೇ ಉರುಳಿದ್ದಳು, ಎರಡೂ ಕೈ ಚೆಲ್ಲಿ. ಮೇಲೆ ಗಂಟೆ ಸುಮ್ಮನಿತ್ತು.

ಆಗ ಅವನಿಗೆ ಅರ್ಥವಾಯಿತು. ಹೊಗೆ ಕೈಗೆ ತಾಕುತ್ತದೆ, ಗೂಟಕ್ಕೆ ತಾಕುವುದಿಲ್ಲ. ಕಾವಲಿನವರೆಲ್ಲ ಮೂಕರಾದ ದಿನವೂ, ಹಗ್ಗ ಹಿಡಿದ ಕೈ ಸೋತ ಕೂಡಲೇ ಗಂಟೆ ತಾನಾಗಿ ಮೊಳಗಲೆಂದು ಹಿರಿಯರು ಈ ಏರ್ಪಾಡು ಮಾಡಿದ್ದರು. ಅದನ್ನು ಮೂರು ಗಂಟು ಹಾಕಿ ಕೆಡಿಸಿದವನು ತಾನೇ!

ಮೊದಲ ಗಂಟನ್ನು ಬೆರಳಿನಿಂದ ಬಿಚ್ಚಿದ. ಎರಡನೆಯದಕ್ಕೆ ಬೆರಳು ಬಗ್ಗಲಿಲ್ಲ, ಎರಡೂ ಮಣಿಕಟ್ಟಿನ ನಡುವೆ ಒತ್ತಿಹಿಡಿದು ಸಡಿಲಿಸಿದ. ಮೂರನೆಯದಕ್ಕೆ ಬರುವಾಗ ಕೈ ಮರದ ಕೊರಡಾಗಿತ್ತು. ಕೆಳಗೆ ವಿಷಜಿಹ್ವ ಕೊಳದ ಮೆಟ್ಟಿಲಿಳಿದು ನಂಜು ತುಂಬಿದ ಸೋರೆಬುರುಡೆಯ ಬಿರಡೆ ತೆಗೆಯುತ್ತಿದ್ದ. ಇಂದುಧರ ಗಂಟನ್ನು ಹಲ್ಲಿನಿಂದ ಕಚ್ಚಿ ಜಗ್ಗಿದ.

ಢಣ್!

ಬೆಂಕಿಕುದುರೆಗಳು ಮೈ ಕೊಡವಿ ಎದ್ದವು. ಬೀದಿ ಬೀದಿ ನುಗ್ಗಿ ಹೊಗೆಯನ್ನು ಸುಟ್ಟವು, ಬುರುಡೆಯ ನಂಜನ್ನು ಆರಿಸಿದವು. ವಿಷಜಿಹ್ವ ಕುಗ್ಗಿ ಕುಗ್ಗಿ ಹಸಿರು ನೊಣವಾಗಿ, ಕೊನೆಗೆ ಚಿಟಿಕೆ ಬೂದಿಯಾದ. ಆದರೆ ಗಂಟೆ ಮೊಳಗುತ್ತಲೇ ಇತ್ತು, ಕುದುರೆಗಳು ನಿಲ್ಲಲಿಲ್ಲ. ಮನೆಗಳ ಸೂರು ಹೊತ್ತಿತು, ಕೊಳದ ನೀರು ಕುದಿಯತೊಡಗಿತು. ಹಗ್ಗ ಎಳೆಯೋಣವೆಂದರೆ ಇಂದುಧರನ ಕೈ ಏಳದು.

ಅಷ್ಟರಲ್ಲಿ, ಅವನಿಗಿಂತ ಮೊದಲೇ ಹೊಗೆ ತಾಕಿದ್ದ ಬೊಮ್ಮವ್ವನ ಕೈಗೆ ಮೊದಲು ಜೀವ ಬಂತು, ಅವಳು ಕಣ್ಣು ಬಿಟ್ಟಳು.

“ಅಯ್ಯೋ, ಹಗ್ಗ ಎಲ್ಲೋ?” ಎಂದವಳೇ ಹಾರಿ ಹಿಡಿದು ಎಳೆದಳು. ಗಂಟೆ ನಿಂತಿತು. ಕುದುರೆಗಳು ಒಂದೊಂದಾಗಿ ಹಿಂದಿರುಗಿ, ಗೋಪುರದಡಿಯಲ್ಲಿ ಕಾಲು ಮಡಚಿಕೊಂಡು ಮಲಗಿದವು. ಊರವರು ಸೂರಿನ ಬೆಂಕಿ ಆರಿಸಿದರು. ನವಿಲು ಕೂಗಿತು, ನಾಯಿ ಎರಡು ಬಾಯಲ್ಲಿ ಬೊಗಳಿತು. ತಡವಾದರೇನು, ಕೇಳಲು ಎಲ್ಲರಿಗೂ ಹಿತವಾಗಿತ್ತು.

“ತಪ್ಪಾಯ್ತು ಅಜ್ಜಿ,” ಎಂದು ಇಂದುಧರ ಬಿಕ್ಕಿದ.

“ಅಳ್ಬೇಡ ಮಗಾ. ಈ ಅಂಗೈನ ತಿರುಗಿಸಿ ನೋಡಿದೋನು ನೀನೊಬ್ನೇ. ಆದ್ರೆ ಗೂಟ ಯಾಕೆ ಹೊಡ್ದೆ? ನಿಂಗೆ ಕೈ ಇರ್ಲಿಲ್ವಾ?”

ಅಂದಿನಿಂದ ಅರಮನೆಯವರು, ಊರವರು ಎಲ್ಲರೂ ಸರದಿಯ ಮೇಲೆ ಹಗ್ಗ ಹಿಡಿದರು. ಗೂಟ ಬೊಮ್ಮವ್ವನ ಒಲೆ ಸೇರಿತು. ಮೊದಲ ಸರದಿ ರಾಜಕುಮಾರನದು. ಕೈಗೆ ಜೀವ ಬಂದ ಸಂಜೆ ಅವನು ಹಗ್ಗ ಹಿಡಿದು ನಿಂತ, ಪಕ್ಕದಲ್ಲೇ ಬೊಮ್ಮವ್ವ ಗೊರಕೆ ಹೊಡೆದಳು. ಮೈಗೋಟೆಯವರು ಕೊಳದ ತಣ್ಣೀರು ಕುಡಿದು ಇಂದಿಗೂ ನೆಮ್ಮದಿಯಾಗಿದ್ದಾರೆ. ಕತೆ ಕೇಳಿದ ನೀವೂ ನಿಶ್ಚಿಂತೆಯಿಂದ ಮಲಗಿ, ಹಗ್ಗ ಯಾರದೋ ಕೈಯಲ್ಲಿದೆ.