ಅಳಿಯನ ಕಾರು

ಕೆಂಪು ಕಾರಿನ ನಾಲ್ಕು ಚಕ್ರಗಳ ಕೆಳಗೂ ಒಂದೊಂದು ನಿಂಬೆಹಣ್ಣು ಇತ್ತು. ಭಾನುಪ್ರಕಾಶ್ ಎತ್ತಿದ್ದ ಕೈಯನ್ನು ಇಳಿಸಲು ಮರೆತ.

ಗೌರಿಬಿದನೂರಿನ ಆಚೆ, ಎಂದೋ ಮುಚ್ಚಿದ ಕಾರ್ಖಾನೆಯೊಂದರ ಆವರಣದೊಳಗೆ ಉದ್ದನೆಯ ನೇರ ರಸ್ತೆಯಿದೆ. ಅದನ್ನು ಬಾಡಿಗೆಗೆ ಹಿಡಿದ ಕ್ಲಬ್ಬೊಂದು ಅಲ್ಲಿ ಡ್ರ್ಯಾಗ್ ರೇಸ್ ನಡೆಸುತ್ತದೆ. ಅಕ್ಕಪಕ್ಕ ಎರಡು ಕಾರು, ಒಂದೇ ಗೆರೆ, ಹಸಿರು ದೀಪ, ಕಾಲು ಮೈಲಿ ನೇರ ಓಟ. ಅಷ್ಟೇ ಆಟ. ಭಾನುಪ್ರಕಾಶ್ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರು. ಭಾನುವಾರಗಳಲ್ಲಿ ಇಲ್ಲಿ ಹೊಸಬರಿಗೆ ಕಲಿಸುತ್ತಿದ್ದ, ಗೆರೆಯ ಬಳಿ ನಿಂತು ಕಾರುಗಳನ್ನು ಬಿಡುತ್ತಿದ್ದ.

"ಮೇಡಂ, ಇದೇನಿದು?"

"ನಿಂಬೆಹಣ್ಣು ಸರ್," ಎಂದಳು ಸ್ಟೀರಿಂಗ್ ಹಿಡಿದಿದ್ದ ಹುಡುಗಿ.

"ಅದು ಕಾಣ್ತಿದೆ. ತೆಗೀರಿ. ಟೈರು ಈ ರಸ್ತೇನ ಕಚ್ಚಿ ಹಿಡೀಬೇಕು. ರಸ ಬಿದ್ರೆ ಜಾರತ್ತೆ. ನೀವು ಹೋಗಿ ಪಕ್ಕದೋರ ಮೇಲೆ ಬೀಳ್ತೀರಿ."

ಪಕ್ಕದ ಸೀಟಿನಿಂದ ಒಬ್ಬ ಅಜ್ಜಿ ತಲೆ ಹೊರಗೆ ಹಾಕಿದರು. "ಏಮಪ್ಪಾ, ಹೊಸ ಜಾಗದಲ್ಲಿ ನಿಂಬೆಹಣ್ಣು ತುಳಿಸ್ದೆ ಯಾರಾದ್ರೂ ಗಾಡಿ ಎತ್ತಾರಾ? ನಿಮ್ಮನೇಲಿ ಹೇಳ್ಕೊಟ್ಟಿಲ್ವಾ?"

"ಹೇಳ್ಕೊಟ್ಟಿದಾರೆ ಅಜ್ಜಿ. ಗೇಟ್ ಹತ್ರ ಬರೀ ಮಣ್ಣು. ಅಲ್ಲಿ ತುಳಿಸಣ ಬನ್ನಿ, ನಾನೇ ಇಡ್ತೀನಿ."

ಅವನೇ ಹಣ್ಣುಗಳನ್ನು ಆಯ್ದುಕೊಂಡು ಗೇಟಿನವರೆಗೆ ನಡೆದ. ಕಾರು ಹಿಂದೆ ಹಿಂದೆ ನಿಧಾನವಾಗಿ ಬಂತು. ಅವನು ಮಂಡಿಯೂರಿ ಒಂದೊಂದೇ ಹಣ್ಣನ್ನು ಚಕ್ರದ ಕೆಳಗೆ ಇಡುವಾಗ ಹುಡುಗಿ ಕನ್ನಡಿಯಲ್ಲಿ ನೋಡುತ್ತಿದ್ದಳು. ಕಣ್ಣು ಸಿಕ್ಕಿದಾಗ ಕನ್ನಡಿಯನ್ನು ಸರಿಪಡಿಸುವವಳಂತೆ ಬೆರಳು ಮೇಲೆತ್ತಿದಳು. ಕನ್ನಡಿ ಸರಿಯಾಗಿಯೇ ಇತ್ತು.

ಆಮೇಲೆ ಅಜ್ಜಿಯನ್ನು ಇಳಿಸಬೇಕಾಯಿತು. ಕಾರು ನೆಲಕ್ಕೆ ಅಂಟಿದಂತಿತ್ತು. ಇಬ್ಬರೂ ಎರಡು ಕೈ ಹಿಡಿದು ಎಳೆದರು.

"ಕೂತ್ರೆ ಏಳಕ್ಕಾಗಲ್ಲ. ಇದೇನು ಕಾರಾ, ತೊಟ್ಟಿಲಾ?" ಎಂದು ಓಬಳಮ್ಮಜ್ಜಿ ಸೆರಗು ಕೊಡವಿಕೊಂಡರು.

"ಗಾಡಿ ನಿಮ್ಮ ಯಜಮಾನ್ರದಾ ಮೇಡಂ?" ಎಂದು ಅವನು ಕೇಳಿದ. ಹೆಸರು ಬರೆದುಕೊಳ್ಳುವಾಗ ಎಲ್ಲರನ್ನೂ ಕೇಳುವ ಪ್ರಶ್ನೆ ಅದಾಗಿರಲಿಲ್ಲ.

"ಯಜಮಾನ್ರು ಇನ್ನೂ ಬಂದಿಲ್ಲ. ಕಾರು ಮೊದಲು ಬಂದ್ಬಿಟ್ಟಿದೆ," ಎಂದಳು ಶೈಲಜಾ.

*

ಅವಳಿಗೆ ಕ್ಲಚ್ಚಿನ ಗಾಡಿ ಗೊತ್ತೇ ಇರಲಿಲ್ಲ. ಕಲಿತದ್ದು ಇದೇ ಆಟೋಮ್ಯಾಟಿಕ್‌ನಲ್ಲಿ, ಹಿಪ್ಪುನೇರಳೆ ತೋಟದ ದಾರಿಯಲ್ಲಿ. ಅದು ಒಳ್ಳೆಯದೇ ಆಯಿತೆಂದು ಭಾನುಪ್ರಕಾಶ್ ಹೇಳಿದ.

"ಬೇರೆಯೋರ ಎಡಗಾಲಿಗೆ ಕ್ಲಚ್ ತುಳಿದೇ ಅಭ್ಯಾಸ. ಬ್ರೇಕ್ ಮೇಲಿಟ್ರೂ ಜಾಡಿಸಿ ಒದೀತಾರೆ. ನಿಮ್ಮ ಎಡಗಾಲು ಇನ್ನೂ ಕೆಟ್ಟಿಲ್ಲ."

"ಇದೊಂದು ಸರ್ಟಿಫಿಕೇಟ್ ಬಾಕಿ ಇತ್ತು ನೋಡಿ," ಎಂದು ಅವಳು ನಕ್ಕಳು.

ಅವನು ಪಕ್ಕದಲ್ಲಿ ಕುಳಿತು ಹೇಳುತ್ತ ಹೋದ. ಎಡಗಾಲಿನಲ್ಲಿ ಬ್ರೇಕ್ ಹಿಡಿಯಿರಿ. ಬಲಗಾಲಿನಲ್ಲಿ ಸ್ವಲ್ಪವೇ ಆಕ್ಸಿಲರೇಟರ್. ಇಂಜಿನ್ ಎಳೆಯುವುದು ಸೊಂಟಕ್ಕೆ ಗೊತ್ತಾಗುತ್ತದೆ. ಹಾಗೆ ಹೆಚ್ಚು ಹೊತ್ತು ಹಿಡಿದಿಡಬೇಡಿ, ಗೇರ್‌ಬಾಕ್ಸಿನ ಎಣ್ಣೆ ಕಾಯುತ್ತದೆ. ಹಸಿರು ಬಂದಾಗ ಎಡಗಾಲು ಎತ್ತಿ, ಬಲಗಾಲನ್ನು ಒದೆಯದೆ ಒತ್ತಿ. ಗೇರಿನ ಚಿಂತೆ ಗಾಡಿಯದು. ನಿಮ್ಮ ಕಣ್ಣು ರಸ್ತೆಯ ತುದಿಯಲ್ಲಿರಲಿ.

ಮೊದಲ ಸಲ ಹಸಿರು ದೀಪ ಬಂದಾಗ ಅವಳು ಅದನ್ನೇ ನೋಡುತ್ತ ಕುಳಿತಳು. ಒಂದು ಉಸಿರು ಬಿಟ್ಟು ಆಮೇಲೆ ಹೊರಟಳು.

"ಲೇಟಾಯ್ತು. ನನ್ನ ಟೈಮು ಹಾಳಾಯ್ತಲ್ಲ?"

"ಇಲ್ಲ. ಗಡಿಯಾರ ದೀಪ ನೋಡ್ಕೊಂಡು ಶುರುವಾಗಲ್ಲ. ಗೆರೆ ಮೇಲೊಂದು ಬೆಳಕಿನ ಕಿರಣ ಇದೆ, ಚಕ್ರ ಅದನ್ನ ದಾಟಿದಾಗ ಶುರುವಾಗತ್ತೆ. ನೀವು ಸಂಜೆ ತನಕ ಕೂತು ಹೊರಟ್ರೂ ಓಟದ ಟೈಮು ಅಷ್ಟೇ."

"ಅಂದ್ರೆ ಕಾಯೋದಕ್ಕೆ ಲೆಕ್ಕ ಇಲ್ಲ."

"ಒಬ್ಬರೇ ಇದ್ರೆ ಇಲ್ಲ. ಪಕ್ಕದ ಲೇನಲ್ಲಿ ಇನ್ನೊಬ್ಬರಿದ್ರೆ ಇದೆ. ಅವರು ಆಗಲೇ ಹೋಗಿರ್ತಾರೆ."

ಶೈಲಜಾ ಇದನ್ನು ಮನಸ್ಸಿನಲ್ಲಿಟ್ಟುಕೊಂಡಳು.

*

ಅವಳು ಪ್ರತಿ ಭಾನುವಾರ ಬರುತ್ತಿರಲಿಲ್ಲ. ಅವಳು ಬರುವುದನ್ನು ರೇಷ್ಮೆಹುಳುಗಳು ತೀರ್ಮಾನಿಸುತ್ತಿದ್ದವು. ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಅವರ ಹುಳುಮನೆ. ಬಿಎಸ್‌ಸಿ ಮುಗಿಸಿದ ಮೇಲೆ ಅದನ್ನು ನಡೆಸುತ್ತಿದ್ದವಳು ಅವಳೇ. ಹುಳು ಪೊರೆ ಬಿಡುವ ಹೊತ್ತಿಗೆ ಜ್ವರಕ್ಕೆ ಕೂತಿತು ಎನ್ನುತ್ತಾರೆ. ಆಗ ಅದು ತಲೆಯೆತ್ತಿ ಸುಮ್ಮನಿರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಅವಳಿಗೆ ಬಿಡುವು ಸಿಗುವುದು ಆಗ ಮಾತ್ರ. ಆ ಜ್ವರ ಭಾನುವಾರಕ್ಕೇ ಬೀಳಬೇಕು.

ಹುಳುಮನೆ ತಣ್ಣಗಿದ್ದರೆ ಜ್ವರ ತಡವಾಗುತ್ತದೆ ಎಂದು ಅವಳು ಒಮ್ಮೆ ಹೇಳಿದ್ದಳು. ಅಂದಿನಿಂದ ಭಾನುಪ್ರಕಾಶ್ ಗುರುವಾರ, ಶುಕ್ರವಾರಗಳಲ್ಲಿ ಮೊಬೈಲ್ ತೆಗೆದು ಶಿಡ್ಲಘಟ್ಟದ ಉಷ್ಣಾಂಶ ನೋಡತೊಡಗಿದ. ಮೋಡ ಕವಿದು ಗಾಳಿ ತಂಪಾದರೆ ಇಡೀ ಮಧ್ಯಾಹ್ನ ಅವನಿಗೆ ಪಾಠದಲ್ಲಿ ಆಸಕ್ತಿ ಇರುತ್ತಿರಲಿಲ್ಲ. ಇದಕ್ಕೆ ಏನೆಂದು ಹೆಸರಿಡಬೇಕೆಂದು ಅವನು ಯೋಚಿಸಿದ. ಹೆಸರು ಗೊತ್ತಿತ್ತು. ಇಡಲಿಲ್ಲ.

ಕಾರಿನ ಕಥೆಯನ್ನು ಅವಳೇ ಹೇಳಿದಳು, ಬಾನೆಟ್ ತೆರೆದು ಇಂಜಿನ್ ತಣ್ಣಗಾಗಲೆಂದು ನಿಂತಿದ್ದಾಗ. ಹೆದ್ದಾರಿಗೆ ಹೋದ ಜಮೀನಿನ ಪರಿಹಾರದಲ್ಲಿ ಅಪ್ಪ ಆವಲಪ್ಪ ಇದನ್ನು ಅಳಿಯನಿಗೆಂದು ತಂದಿದ್ದರು. ಮಾಡೆಲ್ಲನ್ನೂ ಬಣ್ಣವನ್ನೂ ಆರಿಸಿದ್ದು ಆಗ ಗೊತ್ತಾಗಿದ್ದ ಹುಡುಗ. ಲಗ್ನಪತ್ರಿಕೆ ಆದ ಮೇಲೆ, ಮುಹೂರ್ತಕ್ಕೆ ಮುಂಚೆಯೇ ಕಾರು ತನ್ನ ಹೆಸರಿಗೆ ಆಗಲಿ ಎಂದು ಅವನು ಫೋನ್ ಮಾಡಿದ.

"ನಾನು ಕೇಳ್ದೆ, ನಿಮಗೆ ಕಾರು ಬೇಕಾ, ಕಾರು ತಗೊಂಡು ಬರೋಳು ಬೇಕಾ ಅಂತ. ಅದಕ್ಕೆ ಅವ್ರು ಸ್ವಲ್ಪ ಯೋಚ್ನೆ ಮಾಡಿದ್ರು ಸರ್. ಆ ಯೋಚ್ನೆ ಮಾಡಿದ್ರಲ್ಲ, ಅಲ್ಲೇ ಮುಗೀತು."

"ಅಪ್ಪ ಬೈದ್ರಾ?"

"ಕಾರಿಗೆ ಟಾರ್ಪಾಲ್ ಹೊದಿಸಿದ್ರು. ಸೊಪ್ಪಿನ ಕೋಣೆ ಪಕ್ಕದಲ್ಲಿ ಬಿದ್ದಿತ್ತು. ಇನ್ನೊಬ್ಬ ಅಳಿಯ ಬರ್ತಾನೆ, ಅಲ್ಲಿವರೆಗೂ ಇರಲಿ ಅಂದ್ರು. ಹುಳುಮನೆ ಹತ್ರ ಸ್ಟಾರ್ಟ್ ಮಾಡಂಗಿಲ್ಲ, ಹೊಗೆ ಹುಳಕ್ಕೆ ಆಗಲ್ಲ. ಒಂದಿನ ನಾನೂ ಅಜ್ಜೀನೂ ರಸ್ತೆ ತನಕ ತಳ್ಕೊಂಡು ಹೋದ್ವಿ."

"ಅಜ್ಜಿ ತಳ್ಳಿದ್ರಾ?"

"ಅಜ್ಜಿ ಸ್ಟೀರಿಂಗ್. ತಳ್ಳಿದ್ದು ನಾನು."

ಅವನು ಜೋರಾಗಿ ನಕ್ಕ. ಅವಳು ನಗದೆ, ಅವನು ನಗುವುದನ್ನು ಮುಗಿಯುವವರೆಗೂ ನೋಡಿದಳು.

*

ಕೆಡಿಸಿದ್ದು ಒಂದು ತಮಾಷೆ. ಕ್ಲಬ್ಬಿನಲ್ಲಿ ದೀಪ, ಗಡಿಯಾರ ನೋಡಿಕೊಳ್ಳುವ ಮೋಹನ್‌ಬಾಬು ಚಹಾ ಕುಡಿಯುತ್ತ ಹೇಳಿದ: "ಮೇಷ್ಟ್ರು ಘಾಟಿ ಕಣೋ. ಎಲ್ರೂ ಕಾರಿಗೆ ಇಎಂಐ ಕಟ್ತಾರೆ, ಇವ್ರು ತಾಳಿ ಕಟ್ಬಿಡ್ತಾರೆ!"

ಎಲ್ಲರೂ ನಕ್ಕರು. ಭಾನುಪ್ರಕಾಶನೂ ನಕ್ಕ. ಚಹಾ ಆರಿದ ಮೇಲೂ ಆ ಮಾತು ಆರಲಿಲ್ಲ. ಊರಿನವರು ಇದನ್ನೇ ಹೇಳುತ್ತಾರೆ, ಅವಳ ಅಪ್ಪ ಇದನ್ನೇ ಯೋಚಿಸುತ್ತಾರೆ. ಅವನ ಬಳಿ ಇದ್ದದ್ದು ಒಂದು ಹಳೆಯ ಬೈಕು. ತಾನು ಕೇಳಿದ ದಿನ ಅವಳೂ ಒಂದು ಕ್ಷಣ ಹೀಗೆ ಯೋಚಿಸಿದರೆ? ಅವಳೇ ಹೇಳಿದ್ದಳಲ್ಲ, ಆ ಒಂದು ಕ್ಷಣದಲ್ಲೇ ಮುಗಿಯುತ್ತದೆ.

ಮುಂದಿನ ಸಲ ಅವನು ಪಕ್ಕದ ಸೀಟಿನಲ್ಲಿ ಕೂರಲಿಲ್ಲ. "ಇನ್ನು ನಿಮಗೆ ಬೇಕಾಗಿಲ್ಲ ಮೇಡಂ," ಎಂದು ಗೆರೆಯ ಬಳಿಯೇ ನಿಂತ.

ಅವಳು ಖಾಲಿ ಸೀಟನ್ನು ನೋಡಿದಳು. ಸೀಟ್‌ಬೆಲ್ಟನ್ನು ಎಳೆದು ಅದಕ್ಕೇ ಕಟ್ಟಿದಳು, ಒಳಗೆ ಯಾರೋ ಕುಳಿತಿರುವ ಹಾಗೆ.

ಆ ದಿನ ಹೊರಡುವಾಗ ಕಿಟಕಿ ಇಳಿಸಿ ಹೇಳಿದಳು: "ನಾಳೆ ಬಿಟ್ಟು ಮುಂದಿನ ಸೋಮವಾರ ಕೈವಾರದಿಂದ ಹುಡುಗನ ಕಡೆಯೋರು ಬರ್ತಿದಾರೆ. ಫೋನಲ್ಲಿ ಮೊದಲು ಕೇಳಿದ್ದೇ ಕಾರು ಯಾವ ಮಾಡೆಲ್ ಅಂತ."

"ಓ," ಎಂದ ಭಾನುಪ್ರಕಾಶ್.

"ಅಷ್ಟೇನಾ?"

"ಬರೋ ಭಾನುವಾರ ಹೊಸಬರ ರೇಸಿದೆ. ಟೈರಿನ ಗಾಳಿ ನೋಡಿಸ್ಕೊಂಡು ಬನ್ನಿ."

"ಗಾಳಿ ನೋಡಿಸ್ತೀನಿ ಸರ್," ಎಂದು ಅವಳು ಕಿಟಕಿ ಏರಿಸಿದಳು.

*

ಹೊಸಬರ ರೇಸಿನ ದಿನ ಬಿಸಿಲು ನೆಟ್ಟಗೆ ಬಿದ್ದಿತ್ತು. ಆವಲಪ್ಪನವರೂ ಅಜ್ಜಿಯ ಜೊತೆ ಹಿಂದಿನ ಸೀಟಿನಲ್ಲಿ ಬಂದಿದ್ದರು, ಅಳಿಯನ ಕಾರು ಮೈ ತರಚಿಕೊಳ್ಳದೆ ಮನೆಗೆ ಮರಳಲಿ ಎಂದು. ಓಬಳಮ್ಮಜ್ಜಿ ಛತ್ರಿ ಹಿಡಿದು ಮಗನ ಪಕ್ಕ ಕುರ್ಚಿ ಹಾಕಿಸಿಕೊಂಡಿದ್ದರು.

ಶೈಲಜಾಳ ಪಕ್ಕದ ಲೇನಿಗೆ ಚಿಂತಾಮಣಿಯ ಒಂದು ಬಿಳಿ ಕಾರು ಬಂದು ನಿಂತಿತು. ಎರಡೂ ಗೆರೆ ಮುಟ್ಟಿದವು. ಹಳದಿ ದೀಪಗಳು ಬಂದವು. ಹಸಿರು ಬಂತು.

ಬಿಳಿ ಕಾರು ಹೋಯಿತು. ಕೆಂಪು ಕಾರು ನಿಂತೇ ಇತ್ತು.

ಇಂಜಿನ್ ಕೆಟ್ಟಿರಲಿಲ್ಲ, ಅದರ ಗುನುಗು ಕೇಳುತ್ತಿತ್ತು. ಬಿಳಿ ಕಾರು ಕೊನೆಯ ಗೆರೆ ದಾಟಿತು, ಆ ಕಡೆ ಯಾರೋ ಕೂಗಿದರು. ಭಾನುಪ್ರಕಾಶ್ ಓಡಿ ಕಿಟಕಿಯ ಬಳಿ ಬಂದ.

"ಏನಾಯ್ತು?"

"ಏನಿಲ್ಲ ಸರ್. ಹೊರಡದೆ ಕೂತ್ರೆ ಏನಾಗತ್ತೆ ಅಂತ ನೋಡ್ತಿದ್ದೆ."

"ಏನಾಗತ್ತೆ? ಸೋಲ್ತೀರಿ. ಅವ್ರು ಹೋಗಾಯ್ತು."

"ಹಂಗಾದ್ರೆ ನಿಮಗೂ ಗೊತ್ತಿದೆ." ಹೆಲ್ಮೆಟ್ಟಿನೊಳಗೆ ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಬೆವರಿನ ಒಂದು ಹನಿ ಹುಬ್ಬಿನ ತುದಿಯಲ್ಲಿ ನಿಂತಿತ್ತು. "ನಾಳೆ ಸೋಮವಾರ. ನೀವಿನ್ನೂ ಬ್ರೇಕ್ ಮೇಲೇ ಕಾಲಿಟ್ಕೊಂಡು ಕೂತಿದೀರಿ."

ಹಿಂದೆ ಯಾರೋ ಹಾರ್ನ್ ಹೊಡೆದರು. ಭಾನುಪ್ರಕಾಶ್ ತಿರುಗಿ ನೋಡಲಿಲ್ಲ.

"ಕಾರಿಗೋಸ್ಕರ ಅಂತಾರೆ," ಎಂದ.

"ಯಾರು?"

"ಎಲ್ರೂ. ನಿಮ್ಮಪ್ಪ. ಒಂದಿನ ನೀವೂ."

"ಕಾರು ಕೊಡ್ತೀನಿ ಅಂತ ನಿಮಗೆ ಯಾರ್ ಹೇಳಿದ್ದು?"

ಈ ಸಾಧ್ಯತೆಯನ್ನು ಅವನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಇದು ನಂದು ರೀ," ಎಂದಳು ಅವಳು. ಸರ್ ಅನ್ನಲಿಲ್ಲ. "ಯಾರಿಗೂ ಕೊಡಲ್ಲ. ನಿಮಗೂ ಕೊಡಲ್ಲ. ಕಾರಿಲ್ದೆ ನಾನೊಬ್ಬಳೇ ಬಂದ್ರೆ ಸಾಲಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ."

"ಸಾಕು," ಎಂದ ಭಾನುಪ್ರಕಾಶ್. ಯೋಚಿಸಲಿಲ್ಲ. ಮಾತು ತನ್ನಷ್ಟಕ್ಕೆ ಬಂದಿತ್ತು. "ನೀವು ಸಾಕು. ಶುಕ್ರವಾರ ಬಂದ್ರೆ ನಾನು ನಿಮ್ಮೂರಿನ ಬಿಸಿಲು ನೋಡ್ತಾ ಕೂತಿರ್ತೀನಿ. ಸಂಜೆ ನಿಮ್ಮಪ್ಪನ ಹತ್ರ ಬಂದು ಮಾತಾಡ್ತೀನಿ."

ಅವಳ ಕಣ್ಣು ಚಿಕ್ಕದಾಯಿತು. ಹೆಲ್ಮೆಟ್ಟಿನೊಳಗೆ ನಗುವಿದ್ದರೆ ಹಾಗಾಗುತ್ತದೆ.

"ಪಕ್ಕಕ್ಕೆ ಸರೀರಿ ಮತ್ತೆ. ಗಾಡಿ ಕಾಯ್ತಿದೆ."

ದಾರಿ ಖಾಲಿಯಿದೆ ಎಂದು ಮೋಹನ್‌ಬಾಬು ಆ ತುದಿಯಿಂದ ಬಾವುಟ ಎತ್ತಿದ. ಎಡಗಾಲು ಎತ್ತಿದ್ದು, ಬಲಗಾಲು ಒತ್ತಿದ್ದು ಹೊರಗೆ ನಿಂತವರಿಗೂ ತಿಳಿಯುವಷ್ಟು ನಯವಾಗಿತ್ತು. ಕಾರು ಜಾರಲಿಲ್ಲ, ಅಲುಗಲಿಲ್ಲ. ನೂಲು ಬಿಚ್ಚಿದ ಹಾಗೆ ನೇರ ಹೋಯಿತು.

ರೇಸು ಬಿಳಿ ಕಾರಿನ ಪಾಲಾಯಿತು. ಓಟದ ಟೈಮು ಮಾತ್ರ ಅಂದಿನ ಹೊಸಬರಲ್ಲೆಲ್ಲ ಅವಳದ್ದೇ ಕಡಿಮೆ. ಮೋಹನ್‌ಬಾಬು ಎರಡು ಸಲ ನೋಡಿ ಮೈಕಿನಲ್ಲಿ ಹೇಳಿದ.

"ಸೋತ್ಳೋ ಗೆದ್ಲೋ?" ಎಂದು ಆವಲಪ್ಪ ಕೇಳಿದರು.

"ಅವಳ್ ಮುಖ ನೋಡು," ಎಂದರು ಓಬಳಮ್ಮಜ್ಜಿ.

*

ಸಂಜೆ ಹುಳುಮನೆಯ ಮುಂದಿನ ಜಗಲಿಯಲ್ಲಿ ಮಾತು ನಡೆಯಿತು. ಭಾನುಪ್ರಕಾಶ್ ಮಂಡಿಕಲ್ ಕಡೆಯ ವೆಂಕಟರವಣಪ್ಪನ ಮಗ ಎಂದು ತಿಳಿದಾಗ ಆವಲಪ್ಪನವರ ಮುಖ ಸಡಿಲವಾಯಿತು. "ಅವರ ತಂಗೀನ ನಮ್ಮೂರಿಗೇ ಕೊಟ್ಟಿರೋದಲ್ಲಪ್ಪ!" ಎಂದು ಮಗಳ ಕಡೆ ನೋಡಿದರು. ಅವಳು ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತ ಕುಳಿತಿದ್ದಳು. ಆ ಹೊತ್ತಿನಲ್ಲಿ ಸೊಪ್ಪಿನ ಅಗತ್ಯ ಹುಳುಗಳಿಗೆ ಇರಲಿಲ್ಲ.

"ನಾಳೆ ಕೈವಾರದೋರಿಗೆ ಬರಬ್ಯಾಡಿ ಅಂತ ಹೇಳ್ತೀನಿ," ಎಂದು ಆವಲಪ್ಪ ಎದ್ದು ಒಳಗೆ ಹೋಗಿ ತಟ್ಟೆ ತಂದರು. ವೀಳ್ಯದೆಲೆ, ಅಡಿಕೆ, ಎರಡು ನಿಂಬೆಹಣ್ಣು, ನಡುವೆ ಕಾರಿನ ಕೀ. "ಮನೆ ಅಳಿಯನಿಗೆ ಅಂತ್ಲೇ ತಂದಿದ್ದು. ಇಲ್ಲ ಅನ್ಬಾರ್ದು."

ಭಾನುಪ್ರಕಾಶ್ ಎದ್ದು ನಿಂತು ಎಲೆ, ಅಡಿಕೆ ತೆಗೆದುಕೊಂಡ. ನಿಂಬೆಹಣ್ಣು ತೆಗೆದುಕೊಂಡ. ಕೀ ಉಳಿದ ತಟ್ಟೆಯನ್ನು ಶೈಲಜಾಳ ಮುಂದೆ ಹಿಡಿದ.

"ಇದು ಇವ್ರದ್ದು ಮಾವ."

ಆವಲಪ್ಪ ತಟ್ಟೆಯನ್ನೂ ಅವನನ್ನೂ ನೋಡಿದರು. ಆಮೇಲೆ, "ನನಗ್ಯಾಕೋ ಎಣಿಸಿದ್ದೊಂದೂ ಸರಿಬರ್ತಿಲ್ಲ," ಎಂದರು. ಆದರೆ ಮಾವ ಎಂದದ್ದು ಅವರಿಗೆ ಕೇಳಿಸಿತ್ತು.

ಬೈಕು ಬಿಟ್ಟು ಬಸ್ಸಿನಲ್ಲಿ ಬಂದಿದ್ದ ಅವನನ್ನು ಬಸ್‌ಸ್ಟ್ಯಾಂಡಿಗೆ ಬಿಡಬೇಕಿತ್ತು. ಹುಳುಮನೆಯ ಹತ್ತಿರ ಕಾರು ಸ್ಟಾರ್ಟ್ ಮಾಡುವಂತಿಲ್ಲ. ಹಿಂದಿನಿಂದ ಮಾವ ಅಳಿಯ ಇಬ್ಬರೂ ತಳ್ಳಿದರು, ಸ್ಟೀರಿಂಗ್ ಅವಳದು. ರಸ್ತೆ ಸೇರಿದ ಮೇಲೆ ಭಾನುಪ್ರಕಾಶ್ ಜೇಬಿನಿಂದ ನಿಂಬೆಹಣ್ಣು ತೆಗೆದು, ಮಂಡಿಯೂರಿ ಮುಂದಿನ ಚಕ್ರಗಳ ಕೆಳಗೆ ಇಟ್ಟ. ಅವಳು ಈ ಸಲ ಕನ್ನಡಿಯಲ್ಲಿ ನೋಡದೆ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದಳು.

"ರಸ ಬಿದ್ರೆ ಜಾರತ್ತೆ ಅಂತಿದ್ರಿ?"

"ಇದು ಟ್ರ್ಯಾಕ್ ಅಲ್ವಲ್ಲ."

ಅವನು ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕುಳಿತ. ಬೆಲ್ಟ್ ಆಗಲೇ ಹಾಕಿತ್ತು, ಅವಳು ಅಂದು ಕಟ್ಟಿದ ಹಾಗೆಯೇ. ಬಿಚ್ಚಿ, ತನ್ನ ಮೇಲೆ ಎಳೆದುಕೊಂಡು ಮತ್ತೆ ಹಾಕಿದ.

"ಎಡಗಾಲು?" ಎಂದು ಕೇಳಿದ, ಮೇಷ್ಟ್ರ ಧ್ವನಿಯಲ್ಲಿ.

"ಬ್ರೇಕ್ ಮೇಲಿದೆ."

"ಬಿಡಿ."